ಹಿರಿಯವಳ ಮಡಿಲಕ್ಕಿ

ಹೆಬ್ಬಾಳದ ಕೆರೆಯ ಕಡೆಯಿಂದ ಬೆಳಗಿನ ಹೊತ್ತು ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಒದ್ದೆ ಸೀರೆ ಕಲ್ಲಿಗೆ ಬಡಿಯುವ ಆ ದಪ್ಪನೆಯ ಸದ್ದು ಏರಿ ಹತ್ತಿ, ಹುಣಸೆಮರ ದಾಟಿ, ಗಂಗರತ್ನಮ್ಮನ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ನಡುನಡುವೆ ಹೆಂಗಸರ ಮಾತು, ನಗು. ಅವಳು ಬಟ್ಟೆಯ ಗಂಟು ಹೊತ್ತು ನೀರಿನ ಬಳಿಗೆ ಇಳಿದರೆ ಮಾತು ನಿಲ್ಲುತ್ತಿತ್ತು. ಬಡಿತ ನಿಲ್ಲುತ್ತಿರಲಿಲ್ಲ. ಆಮೇಲೆ ಯಾರಾದರೊಬ್ಬಳು ಕೆಣಕಲು ಶುರುಮಾಡುತ್ತಿದ್ದಳು.

"ಗಂಗಕ್ಕ, ನಿಮ್ ಜಟಕಾ ಕಂಡೆ ನಿನ್ನೆ, ಜಕ್ಕೂರ್ ತಾವ. ಕುದ್ರೆ ಇತ್ತು, ಗಾಡಿ ಇತ್ತು, ಯಜಮಾನ್ರೇ ಇರ್ಲಿಲ್ಲ!"

"ಬಾಯಾರಿಕೆ ಆಗಿರ್ತದೆ ಬಿಡೇ. ದಾರೀಲಿ ಸಿಕ್ಕಿದ್ ಬಾವೀನೆಲ್ಲ ಇಣುಕಿ ನೋಡೋ ಮನುಷ್ಯ."

ಮೊದಮೊದಲು ಇಂಥ ಮಾತಿಗೆ ಗಂಗರತ್ನಮ್ಮನಿಗೆ ಅಳು ಬರುತ್ತಿತ್ತು. ಆಮೇಲೆ ಕೆಲವು ವರ್ಷ ಬಾಯಿಗೆ ಬಾಯಿ ಕೊಟ್ಟು ಜಗಳವಾಡಿದ್ದೂ ಉಂಟು. ಈಗ ಅದೂ ಸಾಕಾಗಿತ್ತು. "ಒಂಚೂರು ಸರ್ಕೊಳ್ಳೇ, ನಂಗೂ ಕಲ್ಲು ಬೇಕು" ಎಂದಷ್ಟೇ ಹೇಳಿ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು.

ಅವಳು ರಾಜಾನುಕುಂಟೆಯ ಪಿಳ್ಳಪ್ಪನ ಹಿರಿಯ ಮಗಳು. ತಾಯಿ ತೀರಿಕೊಂಡಾಗ ತಂಗಿ ಪಟಾಲಮ್ಮನಿಗೆ ಇನ್ನೂ ನಡೆಯಲು ಬರುತ್ತಿರಲಿಲ್ಲ. ತಲೆಯ ಮೇಲೆ ಕೊಡ, ಕಂಕುಳಲ್ಲಿ ತಂಗಿ. ಆ ಊರಿನವರು ಅವಳನ್ನು ಕಂಡದ್ದೇ ಹಾಗೆ. ಹೆಬ್ಬಾಳದ ಕದಿರಪ್ಪನ ಕೈ ಹಿಡಿದು ಹೊರಟಾಗಲೂ ಅವಳಿಗೆ ಗಂಡನ ಮನೆಯ ಚಿಂತೆಗಿಂತ, ನಾಳೆ ಇವಳ ತಲೆ ಬಾಚುವವರು ಯಾರು ಎಂಬ ಚಿಂತೆಯೇ ದೊಡ್ಡದಾಗಿತ್ತು.

ಕದಿರಪ್ಪ ಹೆಬ್ಬಾಳಕ್ಕೂ ಯಲಹಂಕದ ಸ್ಟೇಷನ್ನಿಗೂ ಜಟಕಾ ಹೊಡೆಯುತ್ತಿದ್ದ. ಕುಡಿತವಿಲ್ಲ, ಇಸ್ಪೀಟಿಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ನಗಿಸಿ ಮಾತಾಡುವ ಬಾಯಿ; ಮನೆಗೆ ಬರುವಾಗ ಒಂದು ಮೊಳ ಕನಕಾಂಬರ ಮರೆಯದ ಕೈ. ಆದರೆ ಅವನಿಗೆ ಹೆಂಗಸರ ತೆವಲು. ಯಾರೋ ಒಬ್ಬಳ ಮೇಲೆ ಮನಸ್ಸಾಗಿದ್ದರೆ ಗಂಗರತ್ನಮ್ಮ ಆ ಒಬ್ಬಳಿಗೆ ಹಿಡಿಶಾಪ ಹಾಕಿಕೊಂಡಾದರೂ ಕಾಲ ಹಾಕುತ್ತಿದ್ದಳು. ಇವನಿಗೆ ಯಾರ ಮೇಲೂ ಮನಸ್ಸಿರಲಿಲ್ಲ. ಬಿಡಲಿಕ್ಕೆ ಮಾತ್ರ ಆಗುತ್ತಿರಲಿಲ್ಲ.

ಕರ್ಪೂರ ಹಚ್ಚಿ ಆಣೆ ಮಾಡಿದ್ದ. ಆಣೆ ಮಾಡಿದ ಮೇಲೆ ಕೆಲವು ದಿನ ಹೊತ್ತು ಮುಳುಗುವ ಮುಂಚೆಯೇ ಬಂದು ಕುದುರೆಯ ಮೈ ಉಜ್ಜುತ್ತಿದ್ದ, ಸೌದೆ ಒಡೆಯುತ್ತಿದ್ದ. ಬರಬರುತ್ತ ಅನ್ನ ಸೇರುತ್ತಿರಲಿಲ್ಲ, ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ. ಮತ್ತೆ ಒಂದು ದಿನ ತಡವಾಗಿ ಬಂದು, ಬಾಗಿಲ ಬಳಿ ಚಪ್ಪಲಿ ಬಿಟ್ಟು, ಹೊರಗೇ ನಿಂತುಬಿಡುತ್ತಿದ್ದ.

"ತುರಿಕೆ ಇದ್ದಂಗೆ ಕಣೆ ರತ್ನ," ಎಂದಿದ್ದ ಒಮ್ಮೆ. "ಕೆರ್ಕೊಂಡ್ರೆ ಉರಿ. ಉರಿ ಆರೋವಷ್ಟ್ರಲ್ಲಿ ಮತ್ತೆ ತುರಿಕೆ. ಸುಖ ಅಂತ ಓಗ್ತೀನಿ ಅನ್ಕೊಂಡಿದ್ಯಾ? ಸುಖ ಯಾವತ್ತೋ ಓಯ್ತು."

"ಹಂಗಾದ್ರೆ ಉಗುರು ಕತ್ತರಿಸ್ಕೋ," ಎಂದಳು ಅವಳು.

ಅವನಿಗೆ ನಗು ಬಂತು. ಅವಳಿಗೂ ಬಂತು. ಹಾಗೆ ನಕ್ಕದ್ದಕ್ಕೆ ಎಷ್ಟೋ ದಿನ ಅವಳಿಗೆ ತನ್ನ ಮೇಲೆಯೇ ಬೇಸರವಿತ್ತು.

ಯಲಹಂಕದಲ್ಲಿ ಟೆಂಟ್ ಸಿನಿಮಾ ಬಂದಾಗ ಒಮ್ಮೆ ಕರೆದುಕೊಂಡು ಹೋಗಿದ್ದ. ದಾರಿ ತಪ್ಪಿದ ಗಂಡ, ಕಣ್ಣೀರು ಹಾಕುವ ಹೆಂಡತಿ. ಗಂಡ ಊರೂರು ಸುತ್ತುತ್ತಿದ್ದರೆ ಹೆಂಡತಿ ತುಳಸಿಯ ಮುಂದೆ ಹಾಡುತ್ತಿದ್ದಳು. ಕದಿರಪ್ಪ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡು ಅತ್ತ. ಪಕ್ಕದವರು ತಿರುಗಿ ನೋಡುವಷ್ಟು ಅತ್ತ. ಇಂಟರ್‌ವೆಲ್ಲಿನಲ್ಲಿ ಕಡಲೆಕಾಯಿ ತರುತ್ತೇನೆಂದು ಎದ್ದುಹೋದವನು ಆಟ ಮುಗಿದರೂ ಬರಲಿಲ್ಲ. ಕಡೆಗೆ ಪರದೆಯ ಮೇಲಿನ ಗಂಡ ಹೆಂಡತಿಯ ಕಾಲು ಹಿಡಿದದ್ದನ್ನು ಗಂಗರತ್ನಮ್ಮ ಒಬ್ಬಳೇ ನೋಡಿದಳು. ಹಿಂದಿನ ಸಾಲಿನ ಹೆಂಗಸರು ಮೂಗು ಒರೆಸಿಕೊಂಡರು. ಅವಳಿಗೆ ಆಕಳಿಕೆ ಬಂತು. ನಾಳೆ ಬೆಳಿಗ್ಗೆ ಏನು ಮಾಡುತ್ತಾನೋ ತೋರಿಸಲಿಲ್ಲವಲ್ಲ ಎಂದುಕೊಂಡು ಮರಳು ಕೊಡವಿ ಎದ್ದಳು.

ಅತ್ತೆ ಮಾರಕ್ಕನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಮದುವೆಯಾದ ಹೊಸದರಲ್ಲೇ ಕದಿರಪ್ಪ ಎಲ್ಲಿಂದಲೋ ರೋಗ ತಂದಿದ್ದ. ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಗಂಡ ಹೆಂಡತಿ ಇಬ್ಬರಿಗೂ ಸೂಜಿ ಹಾಕಿಸಿದರು. ಆಗ ಅವಳ ಹೊಟ್ಟೆಯಲ್ಲಿದ್ದದ್ದು ನಿಲ್ಲಲಿಲ್ಲ. ಆಮೇಲೆ ಆಗಲೂ ಇಲ್ಲ. ಗಂಡನ ಮರ್ಯಾದೆ ಕಾಯಲು ಅವಳು ಬಾಯಿ ಹೊಲಿದುಕೊಂಡಳು. ಊರು ಅವಳನ್ನು ಬಂಜೆ ಎಂದಿತು.

ಆದ್ದರಿಂದ ಮಾರಕ್ಕನ ಲೆಕ್ಕ ಸರಳವಾಗಿತ್ತು. ಮನೆಯಲ್ಲಿ ಮಗುವಿಲ್ಲ, ಅದಕ್ಕೇ ಮಗ ಮನೆಯಲ್ಲಿ ನಿಲ್ಲುವುದಿಲ್ಲ. ಇನ್ನೊಬ್ಬಳು ಬಂದರೆ ನಿಲ್ಲುತ್ತಾನೆ. ಆ ಇನ್ನೊಬ್ಬಳು ಸೊಸೆಯ ತಂಗಿಯೇ ಆದರೆ ಮನೆ ಒಡೆಯುವುದಿಲ್ಲ. ಆ ಸೀಮೆಯಲ್ಲಿ ಅಕ್ಕತಂಗಿಯರಿಬ್ಬರನ್ನೂ ಒಂದೇ ಮನೆಗೆ ಕೊಡುವುದು ಹೊಸದೇನಲ್ಲ. ಎರಡನೇ ಮದುವೆ ಕೂಡದೆಂದು ಕಾನೂನು ಬಂದಿದೆ ಎಂದು ಯಾರೋ ಅಂದರು. ಹಾಗಾದರೆ ಚಪ್ಪರ, ಓಲಗ ಬೇಡ, ಮನೆದೇವರ ಮುಂದೆ ಕೂಡಿಕೆಯಾಗಲಿ ಎಂದಳು ಮಾರಕ್ಕ. ಅದಕ್ಕೆ ಕಟ್ಟಳೆ ಒಂದೇ. ಹಿರಿಯವಳೇ ಹೋಗಿ ಕಿರಿಯವಳನ್ನು ಕರೆತರಬೇಕು, ಹಿರಿಯವಳೇ ಅವಳ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಬೇಕು. ಹಿರಿಯವಳು ತುಂಬದಿದ್ದರೆ ಅದು ಕೂಡಿಕೆಯಲ್ಲ, ಊರ ಬಾಯಲ್ಲಿ ಬರೀ 'ಇಟ್ಟುಕೊಂಡದ್ದು'.

ಪಿಳ್ಳಪ್ಪನೂ ಒಪ್ಪಿದ. ಅಪ್ಪನಿಗೆ ಬೇಯಿಸಿ ಹಾಕುವುದರಲ್ಲೇ ಪಟಾಲಮ್ಮನಿಗೆ ಇಪ್ಪತ್ತೈದು ಸಮೀಪಿಸಿತ್ತು. "ಕಂಡೋರ್ ಮನೆ ಸೇರೋದಕ್ಕಿಂತ ನಿನ್ ನೆರಳಲ್ಲಿ ಇರ್ತಾಳಲ್ಲವ್ವ," ಎಂದ.

ಗಂಗರತ್ನಮ್ಮ ಮೂರು ಸಂತೆ ಕಳೆಯುವವರೆಗೂ ಹೂಂ ಎನ್ನಲಿಲ್ಲ. ಆಮೇಲೊಂದು ಮಧ್ಯಾಹ್ನ, ಕೆರೆಯಂಚಿನಿಂದ ಕೊಯ್ದು ತಂದ ಹುಲ್ಲಿನ ಹೊರೆ ಇಳಿಸುತ್ತ, "ಆಗ್ಲಿ ಬಿಡಿ ಅತ್ತೆ," ಎಂದುಬಿಟ್ಟಳು. ಹೊರೆಯ ಜೊತೆ ಅದನ್ನೂ ಇಳಿಸಿದ ಹಾಗೆ. ಅಷ್ಟೇ ಆಗಿದ್ದರೆ ಅವಳು ತನ್ನನ್ನು ತಾನು ಕ್ಷಮಿಸಬಹುದಿತ್ತು. ಒಳಗೊಳಗೆ ಅವಳಿಗೆ ಆಸೆಯೂ ಆಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಮಾತಾಡಲು ಮನೆಯಲ್ಲಿ ತನ್ನದೆನ್ನುವ ಒಂದು ಜೀವ ಇರುತ್ತದೆ. ಪಟಾಲಿ ಎದುರು ಕೂತು ಅವರೆಕಾಯಿ ಸುಲಿಯುತ್ತಾಳೆ. ಅವಳ ತಲೆ ಬಾಚಬಹುದು.

ಕರೆತರಲು ಕದಿರಪ್ಪನ ಜಟಕಾದಲ್ಲೇ ಹೋದರು. ಪಿಳ್ಳಪ್ಪ ಮುಂಚೆಯೇ ರೈಲಿನಲ್ಲಿ ಹೊರಟಿದ್ದ. ಪಟಾಲಮ್ಮ ಹಸಿರು ಸೀರೆ ಉಟ್ಟು, ಟ್ರಂಕು ಕಾಲ ಬಳಿ ಇಟ್ಟುಕೊಂಡು ಅಕ್ಕನಿಗೆ ಒತ್ತಿ ಕೂತಳು.

"ಭಯ ಆಗ್ತದೇನೇ?" ಎಂದಳು ಗಂಗರತ್ನಮ್ಮ.

"ನೀನಿರೋ ಮನೆ ಅಲ್ವಾ ಅಕ್ಕ, ನಂಗ್ಯಾಕೆ ಭಯ? ಬಾವನೇ ಭಯ ಬೀಳ್ಬೇಕು. ಇಬ್ರೂ ಸೇರಿ ಜುಟ್ಟು ಹಿಡೀತೀವಿ. ಅಲ್ವಾ ಬಾವ?"

ಕದಿರಪ್ಪ ಮುಂದೆ ನೋಡಿಕೊಂಡೇ ನಕ್ಕ.

ಯಲಹಂಕ ಮುಟ್ಟಿದ ಮೇಲೆ ಅದು ಕುದುರೆಯ ದಿನದ ದಾರಿ. ಹಳೇಪೇಟೆಯ ತುದಿಯಲ್ಲಿ ಒಂದು ಹೆಂಚಿನ ಮನೆ ಬಂತು. ಯಾರೂ ಲಗಾಮು ಜಗ್ಗಲಿಲ್ಲ. ಕುದುರೆ ತಾನಾಗಿ ನಿಂತಿತು.

"ಯಾಕ್ ಬಾವ ನಿಲ್ಲಿಸ್ದೆ?"

"ನಾನೆಲ್ಲಿ ನಿಲ್ಲಿಸ್ದೆ? ಮೊಂಡು ಮುಂಡೇದು," ಎಂದು ಕದಿರಪ್ಪ ಚಾವಟಿ ಬೀಸಿದ. ಪಟಾಲಮ್ಮ ನಕ್ಕಳು.

ಜಕ್ಕೂರಿನ ತಿರುವಿನಲ್ಲಿ ಕುದುರೆ ರಸ್ತೆ ಬಿಟ್ಟು ಪಕ್ಕಕ್ಕೆ ಸರಿದು, ಒಂದು ಗುಡಿಸಿಲ ಮುಂದೆ ಕತ್ತು ಇಳಿಬಿಟ್ಟು ನಿಂತಿತು. ತಲೆಗೆ ನೀರು ಹಾಕಿಕೊಂಡ ಹೆಂಗಸೊಬ್ಬಳು ಕೂದಲು ಝಾಡಿಸುತ್ತ ಹೊರಬಂದವಳು ಗಾಡಿಯೊಳಗಿನ ಇಬ್ಬರನ್ನೂ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಈ ಸಲ ಪಟಾಲಮ್ಮ ಅಕ್ಕನ ಮುಖ ನೋಡಿದಳು. ಅಕ್ಕ ಟ್ರಂಕಿನ ಚಿಲಕ ನೋಡುತ್ತಿದ್ದಳು.

ಬ್ಯಾಟರಾಯನಪುರದಲ್ಲಿ ಕದಿರಪ್ಪ ಮೊದಲೇ ಚಾವಟಿ ಎತ್ತಿದ್ದ. ಹೊಡೆತ ಬಿದ್ದರೂ ಕುದುರೆ ನಿಂತೇಬಿಟ್ಟಿತು. ಜಗಲಿಯ ಮೇಲೆ ಎಲೆಅಡಿಕೆ ಕುಟ್ಟುತ್ತಿದ್ದ ಮುದುಕಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಕುದುರೆಯ ಗೆಜ್ಜೆಯ ಸದ್ದಿಗೆ ತಲೆಯೆತ್ತಿ, "ಇವತ್ತಿಲ್ಲ ಕಣಪ್ಪೋ, ಅವ್ಳು ಅವ್ರವ್ವನ್ ಮನೇಗೋಗವ್ಳೆ! ಸೋಮ್ವಾರ ಬಾ!" ಎಂದು ಕೂಗಿದಳು.

ಮುದುಕಿಗೆ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಹಾಲಿನವನಿಗೆ ಹೇಳಿದ ಹಾಗೆ ಹೇಳಿದ್ದಳು. ಕದಿರಪ್ಪನ ಬೆನ್ನು ಬಾಗಿತು. ಅವನು ಇಳಿದು, ಕುದುರೆಯ ಕಡಿವಾಣಕ್ಕೆ ಕೈಹಾಕಿ, ಅಲ್ಲಿಂದ ಮುಂದೆ ನಡೆಸಿಕೊಂಡೇ ಹೋದ. ಗಾಡಿಯೊಳಗೆ ಅಕ್ಕತಂಗಿಯರು ಇಬ್ಬರೇ ಉಳಿದರು.

ಪಟಾಲಮ್ಮ ಕೇಳಿದಳು. "ನಿಂಗೆ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು."

"ಒಬ್ರು ಇಬ್ರು ಅಂತ ಅನ್ಕೊಂಡಿದ್ದೆ. ಊರಲ್ಲಿ ಹಂಗೇ ಅಂದಿದ್ರು." ಟ್ರಂಕನ್ನು ಕಾಲಿನಿಂದ ಒಳಕ್ಕೆ ಸರಿಸಿ, "ಗೊತ್ತಿದ್ದೂ ನೀನೇ ಬಂದ್ಯಲ್ಲ, ನನ್ ಕರ್ಕೊಂಡೋಗಕ್ಕೆ," ಎಂದಳು.

ದೂರಿನ ದನಿಯಲ್ಲ ಅದು. ಚಿಕ್ಕವಳಿದ್ದಾಗ ಕಹಿ ಕಷಾಯ ಕೊಟ್ಟರೆ, ಕೊಟ್ಟವಳು ಅಕ್ಕನೆಂದು, ಬಟ್ಟಲು ಹಿಡಿದುಕೊಂಡು ನೋಡುತ್ತಿದ್ದಳಲ್ಲ, ಹಾಗೆ. ಗಂಗರತ್ನಮ್ಮ ತಂಗಿಯ ಸೆರಗಿನ ಧೂಳು ಕೊಡವಿದಳು. ಕೊಡಿಗೇಹಳ್ಳಿ ಗೇಟು ಹೋಯಿತು. ಕೆರೆಯ ಗಾಳಿ ಮುಖಕ್ಕೆ ಬಂತು. ಮನೆ ಬಂದೇಬಿಟ್ಟಿತು.

ಮಾರಕ್ಕ ನಡುಮನೆ ಸಾರಿಸಿ ರಂಗೋಲಿ ಹಾಕಿದ್ದಳು. ದೇವರ ಮುಂದೆ ದೀಪ. ಗೋಡೆಗೊರಗಿ ಪಿಳ್ಳಪ್ಪ. ಪಟಾಲಮ್ಮನನ್ನು ಮಣೆಯ ಮೇಲೆ ಕೂರಿಸಿದರು. ಅವಳು ತಾನಾಗಿ ಸೆರಗು ಹಿಡಿದು ಮಡಿಲೊಡ್ಡಿದಳು. ಅಕ್ಕನ ಮನೆಯಲ್ಲಿ ಅಕ್ಕ ಹೇಳಿದ ಹಾಗೆ ಎಂಬ ಆ ಒಡ್ಡುವಿಕೆಯನ್ನು ನೋಡಲಾಗದೆ ಗಂಗರತ್ನಮ್ಮ ಮಡಿಲಕ್ಕಿಯ ತಟ್ಟೆ ಎತ್ತಿಕೊಂಡಳು. ತಟ್ಟೆ ಭಾರವಾಗಿತ್ತು. ಅವಳು ತಂಗಿಯ ಕಡೆ ಬಗ್ಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಗಂಡನ ಕಡೆ ತಿರುಗಿದಳು.

"ಒಂದ್ ಮಾತು ಕೇಳ್ತೀನಿ. ದೀಪ ಉರೀತಾ ಐತೆ, ಸುಳ್ಳಾಡ್ಬೇಡ. ಇವಳು ಬಂದ್ರೆ ನಿಲ್ತದಾ?"

"ಇದೇನೇ ರತ್ನಿ, ಹೊತ್ತಲ್ಲದ್ ಹೊತ್ನಲ್ಲಿ?" ಎಂದಳು ಮಾರಕ್ಕ. "ಗಂಡಸು ಅಂದ್ಮೇಲೆ..."

"ನಿಮ್ಮನ್ನಲ್ಲ ಅತ್ತೆ ನಾನು ಕೇಳಿದ್ದು."

ಕದಿರಪ್ಪ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕೈಯಲ್ಲಿ ಹಿಂಡಿದ. ಹೂಂ ಎಂದಿದ್ದರೆ ಸಾಕಿತ್ತು. ಎಷ್ಟೋ ಸಲ ಅಂದಿದ್ದ. ಮಣೆಯ ಮೇಲೆ ಕೂತವಳನ್ನು ನೋಡಿದ, ನೆಲ ನೋಡಿದ.

"ಇಲ್ಲ ರತ್ನ," ಎಂದ. "ನಿಲ್ಲಲ್ಲ. ಸ್ವಲ್ಪ ದಿನ... ಆಮೇಲೆ ಇವಳೂ ನಿನ್ನಂಗೇ ಬಾಗಿಲು ಕಾಯ್ತಾಳೆ."

"ಲೋ ಕದಿರಾ, ಮುಚ್ಚೋ ಬಾಯಿ!" ಮಾರಕ್ಕ ಎದೆ ಬಡಿದುಕೊಂಡಳು. "ಈ ಬಂಜೆ ಮುಂಡೆ ಮಾತು ಕಟ್ಕೊಂಡು..."

"ಬಂಜೆ ಅನ್ಬೇಡವ್ವ ಅವಳ್ನ." ಕದಿರಪ್ಪನ ದನಿ ಸಣ್ಣಗಾಗಿತ್ತು. "ರೋಗ ತಂದಿದ್ದು ನಾನು."

ಮಾರಕ್ಕನ ಕೈ ಎದೆಯ ಮೇಲೆಯೇ ನಿಂತಿತು. ಪಿಳ್ಳಪ್ಪ ಅಳಿಯನನ್ನೊಮ್ಮೆ ನೋಡಿ ಮುಖ ತಿರುಗಿಸಿದ. ಇಷ್ಟು ವರ್ಷ ಕಾದ ಮಾತು ಹೊರಗೆ ಬಂದಾಗ ಹಗುರವಾಗುತ್ತದೆಂದು ಗಂಗರತ್ನಮ್ಮ ಎಣಿಸಿದ್ದಳು. ಹಾಗೇನೂ ಆಗಲಿಲ್ಲ. ಸೊಂಟ ನೋಯುತ್ತಿತ್ತು, ಕೂತುಬಿಡೋಣ ಅನ್ನಿಸುತ್ತಿತ್ತು, ಅಷ್ಟೇ. ಕೂತರೆ ಏಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ತಟ್ಟೆಯನ್ನು ದೇವರ ಮುಂದೆ ಇಟ್ಟಳು.

"ಏಳು ಪಟಾಲಿ. ಸೆರಗು ಬಿಡು."

ಪಟಾಲಮ್ಮ ಎದ್ದಳು. ಖಾಲಿ ಸೆರಗು ಜಾರಿ ನೇರವಾಯಿತು.

"ಎಲ್ಲಿಗವ್ವ?" ಎಂದ ಪಿಳ್ಳಪ್ಪ.

"ಊರಿಗಪ್ಪ. ಇವಳ್ನ ಬಿಡ್ಬೇಕು. ನೀನು ಉಂಡು ನಿಧಾನಕ್ಕೆ ಬಾ, ಟ್ರಂಕು ತತ್ತಾ."

"ಬಿಟ್ಟು ಬರ್ತೀಯಾ? ಇಲ್ಲ, ನೀನೂ ಅಲ್ಲೇನಾ?" ಮಾರಕ್ಕ ಹೊಸ್ತಿಲವರೆಗೆ ಬಂದಿದ್ದಳು. ಬೈಯುವ ದನಿ ಹೋಗಿ ಅದರಲ್ಲಿ ಹೆದರಿಕೆ ಬಂದಿತ್ತು. "ಏನಾರ ಹೇಳ್ಬಿಟ್ಟು ಓಗೇ!"

ಗಂಗರತ್ನಮ್ಮ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದಳು.

"ಹುರುಳಿ ನೆನೆಹಾಕಿದೀನಿ ಅತ್ತೆ," ಎಂದಳು ತಂಗಿಯ ಕೈ ಹಿಡಿದು ಏರಿಯ ಕಡೆ ತಿರುಗುತ್ತ. "ಬೇಯಿಸಿ, ಆರಿಸಿ ಹಾಕಿ ಕುದ್ರೆಗೆ. ಬಿಸಿದು ಹಾಕ್ಬಿಟ್ರೆ ಅದು ಮುಟ್ಟಲ್ಲ, ಆಮೇಲೆ ರಾತ್ರಿಯೆಲ್ಲ ಉಪವಾಸ ನಿಲ್ತದೆ."