ಸವಳು ನೀರಿನ ಗಪ್ಪಿಗಳು

ಮದುವೆಯಾಗಿ ಇಂಡಿಗೆ ಬಂದಾಗ ನನಗೆ ಹದಿನೆಂಟು ತುಂಬಿತ್ತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ತವರು ಸಿಂದಗಿ. ಅಪ್ಪ ಅಲ್ಲಿ ಕನ್ನಡ ಸಾಲೆಯ ಮಾಸ್ತರರು. ಗಂಡನ ಮನೆಯಲ್ಲಿ ನಾವು ನಾಲ್ಕೇ ಜನ: ಅತ್ತೆ, ಮಾವ, ನಮ್ಮವರು ಮತ್ತು ನಾನು. ನಮ್ಮವರು ತಾಲೂಕು ಕಚೇರಿಯಲ್ಲಿ ಕಾರಕೂನರು.

ಜಗಳವಿಲ್ಲದ ಮನೆ. ಆದರೆ ಹಗಲಿನಲ್ಲಿ, ಹಿರಿಯರ ಎದುರಿಗೆ, ಗಂಡ ಹೆಂಡತಿ ಮಾತಾಡುವ ಪದ್ಧತಿ ಅಲ್ಲಿರಲಿಲ್ಲ. ಬೇಡವೆಂದು ಯಾರೂ ಹೇಳಿದ್ದಿಲ್ಲ; ಹಾಗೇ ನಡೆದುಕೊಂಡು ಬಂದಿತ್ತು. ನಮ್ಮವರಿಗೆ ಚಹಾ ಬೇಕಾದರೆ, "ಅವ್ವಾ, ಚಹಾ ಆಗ್ಯದೇನು?" ಎಂದು ಒಲೆಯ ಮುಂದೆ ಕೂತ ನನ್ನ ಕಡೆ ನೋಡದೆ ಕೇಳುತ್ತಿದ್ದರು. ನಾನು, "ಅತ್ತ್ಯಾರ, ಚಹಾ ಇಟ್ಟೀನ್ರಿ" ಎಂದು ಅತ್ತೆಗೆ ಹೇಳುತ್ತಿದ್ದೆ. ಅತ್ತೆ ನಡುವೆ ಕೂತು ಜೋಳ ಹಸನು ಮಾಡುತ್ತಿದ್ದರು. ನಮ್ಮ ಕೋಣೆಯಲ್ಲೂ ಅವರದು ಮಿತ ಮಾತು. ಮದುವೆಯಾಗಿ ಐದು ತಿಂಗಳಾದರೂ, ನಿನ್ನ ಗಂಡನ ಸ್ವಭಾವ ಎಂಥದು ಎಂದು ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ.

ಮಾವನವರ ಕಣ್ಣು ತೋರಿಸಲು ನಮ್ಮವರು ಅವರನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದದ್ದು ಆ ವರ್ಷ. ಚಷ್ಮಾದ ಅಂಗಡಿಯಿಂದ ಎರಡು ಅಂಗಡಿ ಆಚೆ ಒಬ್ಬ ಮರಾಠಿ ಮನುಷ್ಯ ಬಣ್ಣದ ಮೀನು ಮಾರುತ್ತಿದ್ದನಂತೆ. ಮಾವನವರ ಸರದಿ ಬರುವತನಕ ಇವರು ಅಲ್ಲಿಯೇ ನಿಂತಿದ್ದರು. ಮರಳಿ ಬಂದ ಮೇಲೆ ನಾಲ್ಕಾರು ದಿನ ಕಾಗದದ ಮೇಲೆ ಗಾಜಿನ ಪೆಟ್ಟಿಗೆಯ ಚಿತ್ರ ಬರೆದರು. ಒಂದು ಸಂಜೆ ಊಟಕ್ಕೆ ಕೂತಾಗ, "ಮನ್ಯಾಗ ಮೀನ ಸಾಕ್ಬೇಕಂತ ಮಾಡೀನಿ" ಅಂದರು.

ಮಾವನವರು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು, "ಯಾತಕ್ಕ?" ಅಂದರು.

"ನೋಡ್ಲಿಕ್ಕೆ."

ಅತ್ತೆ, "ಅಡಿಗಿ ಮನಿ, ದೇವರ ಮನಿ ಕಡೆ ತರಬ್ಯಾಡ. ಪಡಸಾಲ್ಯಾಗ ಇರ್ಲಿ" ಅಂದರು. ಅಲ್ಲಿಗೆ ಮುಗಿಯಿತು.

ದೇವರ ಪಟಗಳಿಗೆ ನಾವು ಕಾಚು ಅನ್ನುವ ಗಾಜು, ಕಟ್ಟು ಹಾಕುತ್ತಿದ್ದ ಸಾಹೇಬರೊಬ್ಬರು ನಮ್ಮ ಓಣಿಯ ತುದಿಯಲ್ಲಿದ್ದರು. ಇವರ ಚಿತ್ರ ನೋಡಿ ಅವರು ಪೆಟ್ಟಿಗೆ ಮಾಡಿಕೊಟ್ಟರು. ಕಬ್ಬಿಣದ ಚೌಕಟ್ಟು, ನಾಲ್ಕು ಕಡೆ ಕಾಚು, ಸಂದಿಗಳಿಗೆ ಪುಟ್ಟಿ. ಮೊದಲ ಸಲ ನೀರು ತುಂಬಿದಾಗ ಒಂದು ಮೂಲೆಯಿಂದ ಸೋರಿ ಮಾವನವರ ಹಾಸಿಗೆ ತೊಯ್ದಿತು. ಎರಡನೆಯ ಸಲವೂ ಸೋರಿತು. ಮೂರನೆಯ ಸಲ ಸಾಹೇಬರು ತಾವೇ ಬಂದು ಪೆಟ್ಟಿಗೆಯ ಪಕ್ಕದಲ್ಲಿ ಒಂದು ತಾಸು ಕೂತರು. ಹನಿ ಬೀಳದ್ದು ಕಂಡು, "ದೇವರನ್ನ ಕಾಚಿನೊಳಗ ಕೂಡ್ಸೂದು ಹಗರ ಐತ್ರಿ ರಾಯರ. ನೀರ ಕೂಡ್ಸೂದ ಕಠಿಣ" ಎಂದು ಎದ್ದು ಹೋದರು.

ಮೀನು ಬಂದದ್ದು ಒಂದು ಭಾನುವಾರ. ಇವರು ಇಂಡಿ ರೋಡ್ ಸ್ಟೇಶನ್ನಿನಿಂದ ಟಾಂಗಾದಲ್ಲಿ ಬರಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಒಟ್ಟು ಹತ್ತು. ಗಪ್ಪಿ ಎಂದು ಅವುಗಳ ಹೆಸರು. ಗಂಡುಗಳು ಕಿರುಬೆರಳಿನ ಉಗುರಿಗಿಂತ ತುಸು ಉದ್ದ. ಬಾಲದಲ್ಲಿ ಕೇಸರಿ, ನೀಲಿ, ಕಪ್ಪು ಚುಕ್ಕೆ, ಒಂದರ ಹಾಗೆ ಇನ್ನೊಂದಿಲ್ಲ. ಹೆಣ್ಣುಗಳು ದೊಡ್ಡವು, ಬಣ್ಣವಿಲ್ಲದವು. ಅಂಗಡಿಯವನು ಹೇಳಿದ್ದನ್ನು ಇವರು ಬರೆದುಕೊಂಡು ಬಂದಿದ್ದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಕೇಳುವಂತೆ ಅದನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳಿದರು: ಬರಣಿಯನ್ನು ಪೆಟ್ಟಿಗೆಯೊಳಗೆ ತೇಲಿಬಿಟ್ಟು ನೀರಿನ ಬಿಸಿ ತಂಪು ಸಮನಾದ ಮೇಲೆ ಮೀನು ಬಿಡಬೇಕು. ಹೊಸ ನೀರನ್ನು ಒಂದು ದಿನ ಸುಮ್ಮನೆ ಇಟ್ಟು ಆಮೇಲೆ ಹಾಕಬೇಕು. ಎಲ್ಲ ನೀರನ್ನು ಒಮ್ಮೆಗೇ ಬದಲಿಸಬಾರದು. ನೂರು ಎಣಿಸುವಷ್ಟರಲ್ಲಿ ತಿಂದು ಮುಗಿಸುವಷ್ಟೇ ಹಿಟ್ಟು ಹಾಕಬೇಕು.

ಬಾವಿಯ ಪಾವಟಿಗೆಗೆ ಅಂಟಿದ ಹಸಿರು ಎಳೆಗಳನ್ನು ನಾನು ಕಿತ್ತು ತಂದು, ತೊಳೆದು, ತಳದ ಉಸುಕಿನಲ್ಲಿ ನೆಟ್ಟೆ. ಮೀನುಗಳು ಅದರೊಳಗೆ ಹೊಕ್ಕು ಹೊರಬಂದವು. ಮಾವನವರು ಹೊಸ ಚಷ್ಮಾ ಹಾಕಿಕೊಂಡು ಪೆಟ್ಟಿಗೆಯ ಮುಂದೆ ಕುರ್ಚಿ ಎಳೆದುಕೊಂಡರು.

ಮಾರನೆಯ ಬೆಳಿಗ್ಗೆ ಇವರು ಕಚೇರಿಗೆ ಹೊರಟವರು ಪೆಟ್ಟಿಗೆಯ ಹತ್ತಿರ ಬಗ್ಗಿ ನೋಡಿ, ಎದ್ದು, ನೇರವಾಗಿ ನನ್ನನ್ನು ಕೇಳಿಬಿಟ್ಟರು: "ಹಿಟ್ಟು ಹಾಕೀಯೇನು?"

ಮಾವನವರು ಅಲ್ಲೇ ಇದ್ದರು. ಅತ್ತೆ ಜೋಳದ ಮೊರ ಹಿಡಿದಿದ್ದರು. "ಹಾಕೀನ್ರಿ" ಅಂದೆ.

"ನೂರು ಎಣಿಸಿದೇನು?"

"ಎಂಬತ್ತಕ್ಕ ತಿಂದು ಮುಗಿಸಿದ್ವು."

ಮಾತಾಡಿಬಿಟ್ಟದ್ದು ಇಬ್ಬರಿಗೂ ಆಗ ಹೊಳೆಯಿತು. ಇವರ ಕಿವಿ ಕೆಂಪಗಾದವು. ಅತ್ತೆ ಮೊರ ಕೊಡವುತ್ತಲೇ ಇದ್ದರು, ಏನೂ ಕೇಳಿಸಿಲ್ಲವೆಂಬಂತೆ. ಮಾವನವರು ಮೀನಿನಿಂದ ಕಣ್ಣು ತೆಗೆಯಲಿಲ್ಲ. ಮೀನಿನ ಮಾತಾದರೆ ನಡೆಯುತ್ತದೆ ಎಂದು ನಮಗೆ ಅಂದು ಗೊತ್ತಾಯಿತು.

ಆಮೇಲೆ ದಿನಾ ಮಾತು. ಕೇಸರಿ ಬಾಲದ್ದು ಉಳಿದವನ್ನು ಬೆನ್ನಟ್ಟುತ್ತದೆ. ನೀರಿಗೆ ಹಸಿರು ಏರುತ್ತಿದೆ, ಕಿಟಕಿಯ ಬಿಸಿಲು ಹೆಚ್ಚಾಯಿತೇನೋ. ಇಬ್ಬರೂ ಪೆಟ್ಟಿಗೆಯ ಎರಡು ಬದಿ ಹಿಡಿದು ಜರುಗಿಸಿದೆವು. ಥಂಡಿ ಶುರುವಾದಾಗ ಅತ್ತೆಯೇ ಹಳೆಯ ಕೌದಿಯೊಂದನ್ನು ಕೊಟ್ಟು, ಸಂಜೆಯಾಗುತ್ತಲೇ ಪೆಟ್ಟಿಗೆಗೆ ಹೊಚ್ಚಲು ಹೇಳಿದರು. ಇವರು ನಗುವುದನ್ನು ನಾನು ಹಗಲಿನಲ್ಲಿ ನೋಡಿದ್ದು ಆ ದಿನಗಳಲ್ಲಿಯೇ.

ಒಂದು ಹೆಣ್ಣು ಮೀನಿನ ಹೊಟ್ಟೆ ಉಬ್ಬುತ್ತ ಬಂತು. ಬಾಲದ ಕಡೆ ಕಪ್ಪು ಮಚ್ಚೆ. ರೋಗವೆಂದು ನಾವಿಬ್ಬರೂ ಗಾಬರಿಯಾದೆವು. ಅತ್ತೆ ಬಗ್ಗಿ ನೋಡಿ, "ರೋಗಲ್ಲ ಏನಲ್ಲ, ಬಸರದ. ಉಳಿದವು ಬೆನ್ನ ಹತ್ಯಾವ, ಅದಕ್ಕ ಬ್ಯಾರೆ ಜಾಗಾ ಕೊಡು" ಅಂದರು. ನಾನು ಒಂದು ಅಗಲ ಬಾಯಿಯ ಮಡಕೆಗೆ ನಮ್ಮ ಹಿತ್ತಲ ಬಾವಿಯ ನೀರು ತುಂಬಿ, ಮರುದಿನ ಆ ಮೀನನ್ನು ಅದರೊಳಗೆ ಬಿಟ್ಟೆ.

ನಮ್ಮ ಬಾವಿಯ ನೀರು ಸವಳು. ಬೇಳೆ ಬೇಯುತ್ತಿರಲಿಲ್ಲ, ಕಾಚಿನ ಮೇಲೆ ಬಿಳಿ ಗೆರೆ ಕೂಡುತ್ತಿತ್ತು. ಇಂಥ ನೀರು ಮೀನಿಗೆ ಒಳ್ಳೆಯದಲ್ಲವೆಂದು ಇವರಿಗೆ ಚಿಂತೆ ಹತ್ತಿತು. ಊರ ಹೊರಗಿನ ತೋಟದ ಬಾವಿಯಿಂದ ಕುಡಿಯಲು ತರಿಸುತ್ತಿದ್ದ ಸಿಹಿ ನೀರನ್ನೇ ಹೆಚ್ಚು ತರಿಸಿ, ತಾಮ್ರದ ಹಂಡೆಯಲ್ಲಿ ಒಂದು ದಿನ ಇಟ್ಟರು. ಭಾನುವಾರ ಪೆಟ್ಟಿಗೆಯ ಮುಕ್ಕಾಲು ನೀರು ತೆಗೆದು ಅದನ್ನು ತುಂಬಿದರು. ನೀರು ಎಷ್ಟು ತಿಳಿಯಾಗಿತ್ತೆಂದರೆ ಮೀನುಗಳು ಗಾಳಿಯಲ್ಲಿ ತೇಲಿದಂತೆ ಕಂಡವು.

ಸೋಮವಾರ ಬೆಳಿಗ್ಗೆ ಒಂಬತ್ತೂ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಇವರು ಬೆರಳಿನಿಂದ ಒಂದೊಂದನ್ನೇ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟು ಹಿಟ್ಟು ಹಾಕಿದಿ?" ಅಂದರು.

"ದಿನಾ ಹಾಕೂವಷ್ಟನ."

"ಇಲ್ಲ, ಹೆಚ್ಚ ಹಾಕಿದಿ. ಇಲ್ಲಂದ್ರ ಹಿಂಗ್ಯಾಕ ಆಗ್ತಿತ್ತು?"

ಅವರು ಮೀನುಗಳನ್ನು ಅಂಗೈಯಲ್ಲಿ ತೆಗೆದುಕೊಂಡು ಹೋಗಿ ದುಂಡುಮಲ್ಲಿಗೆಯ ಬುಡದಲ್ಲಿ ಹುಗಿದು, ಉಣ್ಣದೆ ಕಚೇರಿಗೆ ಹೋದರು. ಅವತ್ತಿನಿಂದ ಮತ್ತೆ ಹಳೆಯ ಪದ್ಧತಿಯೇ. "ಅವ್ವಾ, ಚಹಾ ಆಗ್ಯದೇನು?" ಮೊದಲು ಅದು ನನಗೆ ಅಷ್ಟು ನೋಯಿಸುತ್ತಿರಲಿಲ್ಲ. ಈಗ ಒಲೆಯ ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಐದನೆಯ ದಿನ ಮಡಕೆಯಲ್ಲಿ ಬಗ್ಗಿ ನೋಡಿದರೆ, ತಾಯಿಮೀನಿನ ಸುತ್ತ ಸಾಸಿವೆಗೆ ಬಾಲ ಮೂಡಿದಂತೆ ಮರಿಗಳು. ಎಣಿಸಲು ಹೋದೆ, ನಿಲ್ಲಲೊಲ್ಲವು. ಹದಿನೇಳೋ ಹದಿನೆಂಟೋ. ಖುಷಿ ಯಾರಿಗೆ ಹೇಳಲಿ ಎಂದು ತಿಳಿಯದೆ ಅಲ್ಲೇ ಕೂತೆ. ಕೂತಾಗ ವಿಚಾರ ಬಂತು. ಈ ಮೀನಿಗೂ ನಾನು ಅದೇ ಹಿಟ್ಟು ಹಾಕಿದ್ದೆ, ಅದೇ ಕೈಯಿಂದ. ಇದು ಬದುಕಿತು, ಅವು ಸತ್ತವು. ಬೇರೆಯಾಗಿದ್ದದ್ದು ನೀರೊಂದೇ. ಸಿಹಿ ನೀರು ನಾವೂ ಕುಡಿಯುತ್ತೇವೆ. ಹಾಗಾದರೆ ಹಂಡೆ.

ಹಂಡೆ ಅತ್ತೆಯ ತವರಿನಿಂದ ಬಂದದ್ದು. ಅದರ ಮೇಲೆ ಮಾತು ತರುವುದು ಸಣ್ಣ ಸಂಗತಿಯಲ್ಲ. ಎರಡು ದಿನ ಧೈರ್ಯ ಕೂಡಿಸಿ, ಅವರು ಒಬ್ಬರೇ ಇದ್ದಾಗ ಹತ್ತಿರ ಹೋದೆ.

"ಅತ್ತ್ಯಾರ, ಕಲಾಯಿ ಇಲ್ಲದ ತಾಮ್ರದ ಪಾತ್ರ್ಯಾಗ ನಾವು ಮಜ್ಜಿಗಿ ಇಡೂದಿಲ್ಲಲ್ಲರಿ?"

"ಯಾರರ ಇಡ್ತಾರೇನು? ವಿಷ ಆಗ್ತದ."

"ಹಂಡ್ಯಾಗಿನ ನೀರು ಮೀನಿಗೆ ಹಂಗ ಆಗಿರಬಹುದೇನ್ರಿ?"

ಅತ್ತೆಯ ಮುಖ ಗಂಟಿಕ್ಕಿತು. "ನಲವತ್ತು ವರ್ಷ ಅದರ ನೀರು ಕುಡದೀವಿ. ಯಾರೂ ಸತ್ತಿಲ್ಲ." ನಾನು ತಲೆ ತಗ್ಗಿಸಿ ಒಳಗೆ ಬಂದೆ. ಅವರು ಎದ್ದು ಹೋಗಿ ಮಡಕೆಯೊಳಗೆ ನೋಡಿದರು. ಅಲ್ಲಿಂದ ಹೋಗಿ ಹಂಡೆಯ ಮುಂದೆ ನಿಂತರು.

ಸಂಜೆ ಇವರು ಕಚೇರಿಯಿಂದ ಬಂದು ಕೈಕಾಲು ತೊಳೆದುಕೊಂಡು ಕೂತಾಗ ಅತ್ತೆ ಶುರು ಮಾಡಿದರು. "ಅಕಿ ಮ್ಯಾಲೆ ಸಿಟ್ಟು ಮಾಡಬ್ಯಾಡಪಾ. ಆ ಶನಿವಾರ ನಾನು ಹಂಡೆ ಹುಣಸಿಹಣ್ಣು ಹಚ್ಚಿ ಥಳಥಳ ತಿಕ್ಕಿದ್ದೆ. ಅದರಾಗ ನೀರು ನಿಂತದ. ದೊಡ್ಡವರಿಗೆ ತಡೀತದ, ಅಷ್ಟ ಅಷ್ಟ ಮೀನಿಗೆ ತಡೀಲಿಲ್ಲ. ಹಿಟ್ಟಿಂದಲ್ಲ."

ಇವರು ಮಡಕೆಯ ಹತ್ತಿರ ಹೋದರು. ಮರಿಗಳನ್ನು ಆಗಲೇ ಮೊದಲು ನೋಡಿದ್ದು. ಬಗ್ಗಿದವರು ಎಷ್ಟು ಹೊತ್ತಾದರೂ ಏಳಲಿಲ್ಲ. ಎದ್ದ ಮೇಲೆ ಇಬ್ಬರೂ ಹಿರಿಯರ ಎದುರಿಗೆ, ನನ್ನ ಮುಖ ನೋಡಿಯೇ, "ನಂದ ತಪ್ಪಾತು" ಅಂದರು.

"ಇರ್ಲಿ ಬಿಡ್ರಿ" ಅಂದೆ. ಮಾವನವರು ಕುರ್ಚಿಯಿಂದಲೇ, "ಎಷ್ಟು ಹಾಕ್ಯದ?" ಎಂದು ಕೇಳಿದರು. ಎಲ್ಲರೂ ಮಡಕೆಯ ಸುತ್ತ ಕೂತು ಎಣಿಸಿದೆವು. ನಾಲ್ವರಿಗೂ ಬೇರೆ ಬೇರೆ ಲೆಕ್ಕ ಬಂತು.

ಪೆಟ್ಟಿಗೆಗೆ ಸವಳು ನೀರನ್ನೇ ಹಾಕಿದೆವು, ಸ್ವಲ್ಪ ಸ್ವಲ್ಪವಾಗಿ. ಗಪ್ಪಿಗಳಿಗೆ ಅದೇ ಹಿಡಿಸುತ್ತದೆಂದು ಸೊಲ್ಲಾಪುರದವನು ಆಮೇಲೆ ಹೇಳಿದನಂತೆ. ಆ ಒಂದು ತಾಯಿಯಿಂದ ವರ್ಷದೊಳಗೆ ಪೆಟ್ಟಿಗೆ ತುಂಬಿತು.

ಅಷ್ಟರಲ್ಲಿ ನಾನೂ ಬಸುರಾಗಿದ್ದೆ. ಏಳು ತಿಂಗಳು ತುಂಬಿದ ಮೇಲೆ ಬಾಣಂತನಕ್ಕೆ ಸಿಂದಗಿಗೆ ಹೋದೆ. ಹೆಂಡತಿಗೆ ಕಾಗದ ಬರೆಯುವುದು ಆಗ ಇರಲಿಲ್ಲ. ಇವರು ಅಪ್ಪನಿಗೆ ಕಾರ್ಡು ಬರೆಯುತ್ತಿದ್ದರು. ಅಪ್ಪ ಅದನ್ನು ಮನೆಮಂದಿಗೆಲ್ಲ ಓದಿ ಹೇಳುತ್ತಿದ್ದರು. "ತೀರ್ಥರೂಪ ಮಾವನವರಿಗೆ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ಮೀನುಗಳ ವಿಷಯ ತಮ್ಮ ಮಗಳಿಗೆ ತಿಳಿಸಬೇಕು. ಅವು ಅವಳು ಕೂಡುತ್ತಿದ್ದ ಬದಿಗೇ ಬಂದು ನಿಲ್ಲುತ್ತವೆ. ನಾನು ಹಿಟ್ಟು ಹಾಕಿದರೆ ನೂರು ಎಣಿಸಿದರೂ ಮುಗಿಸುವುದಿಲ್ಲ."

"ಅಳಿಯಂದಿರು ಮೀನ ಭಾಳ ಹಚ್ಚಿಕೊಂಡಾರ" ಎಂದು ಅವ್ವ ಅಂದಳು. ಅಪ್ಪ ಚಷ್ಮಾದ ಮೇಲಿನಿಂದ ನನ್ನನ್ನು ನೋಡಿದರು.

ಮೂರನೆಯ ಕಾರ್ಡು ಬಂದಾಗ ಅಪ್ಪ ಎರಡು ಸಾಲು ಓದಿ ನಿಲ್ಲಿಸಿದರು. ಉಳಿದದ್ದನ್ನು ಮನಸ್ಸಿನಲ್ಲಿಯೇ ಓದಿ ಕಾರ್ಡು ನನ್ನ ಕೈಗಿತ್ತು, "ಇದು ನಿನಗ ಬಂದದ್ದು. ನೀನ ಓದ್ಕೋ" ಎಂದು ಹೊರಗೆ ಹೋದರು. ಅದರಲ್ಲಿ ಹೀಗಿತ್ತು: "ತುಂಬಿದ ಹೆಣ್ಣು ಮೀನೊಂದನ್ನು ಮಡಕೆಯಲ್ಲಿ ಬೇರೆ ಇಟ್ಟಿದ್ದೇವೆ. ಅದಕ್ಕೆ ಒಂಟಿಯಾಗಿ ಭಯವಾಗುತ್ತಿರಬಹುದೇ ಎಂದು ದಿನಾ ಯೋಚನೆ ಬರುತ್ತದೆ. ಧೈರ್ಯದಿಂದ ಇರಬೇಕು."

ನಾನು ಅತ್ತೆಗೆ ಕಾರ್ಡು ಬರೆದೆ. ಮನೆಯ ಎಲ್ಲರ ಕ್ಷೇಮ ಕೇಳಿ ಕೊನೆಗೆ, "ಮಡಕೆಯ ಮೀನಿಗೆ ಭಯವಿಲ್ಲ. ಆದರೆ ಯಾರಾದರೂ ಆಗಾಗ ಬಂದು ನೋಡಿ ಹೋದರೆ ಅದಕ್ಕೆ ಸಮಾಧಾನ" ಎಂದು ಸೇರಿಸಿದೆ.

ಮುಂದಿನ ಭಾನುವಾರ ಇವರು ಬಸ್ಸಿನಿಂದ ಇಳಿದರು. ಹಬ್ಬವಿಲ್ಲ, ಕರೆಯಿಲ್ಲ. ಕೈಯಲ್ಲಿ ಒಂದು ಬರಣಿ, ಅದರಲ್ಲಿ ನಾಲ್ಕು ಗಪ್ಪಿ. "ಸಾಲಿ ಹುಡುಗರಿಗೆ ತೋರಿಸ್ಲಿಕ್ಕೆ ಬೇಕಾಗಬಹುದಂತ ತಂದೆ" ಎಂದು ಅಪ್ಪನಿಗೆ ಹೇಳಿದರು. ಅಪ್ಪ ಬರಣಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಇವರು ಅಪ್ಪ, ಅವ್ವ ಇಬ್ಬರೂ ಇದ್ದಂತೆಯೇ ನನ್ನ ಕಡೆ ತಿರುಗಿ, "ಆರಾಮ ಇದ್ದೀಯೇನು?" ಎಂದು ಕೇಳಿದರು. ಮೀನಿನ ಮಾತಿಲ್ಲದೆ, ನನ್ನನ್ನೇ ಕೇಳಿದ್ದು. ಅಪ್ಪ ಮೀನಿಗೆ ನೀರು ತರುತ್ತೇನೆಂದು ಅವ್ವನನ್ನೂ ಕರೆದುಕೊಂಡು ಬಾವಿಯ ಕಡೆ ಹೋದರು.

ಮಗಳು ಹುಟ್ಟಿದಳು. ಎರಡು ವರ್ಷಕ್ಕೆ ಇವರಿಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಮಾವನವರು ತೀರಿಕೊಂಡ ಮೇಲೆ ಅತ್ತೆಯೂ ಅಲ್ಲಿಗೇ ಬಂದರು. ಮೀನುಗಳೂ ಬಂದಿದ್ದವು. ನಡುವೆ ಇವರು ಬೇರೆ ಬೇರೆ ಜಾತಿಯ ಮೀನು ತಂದು ಕಳೆದುಕೊಂಡರು. ಕೊನೆಗೆ ಗಪ್ಪಿಯೊಂದೇ ಸಾಕು ಅಂದರು.

ಬಾಗೇವಾಡಿಯಲ್ಲಿ ಪಕ್ಕದ ಮನೆಗೆ ಹೊಸ ಸೊಸೆ ಬಂದಿದ್ದಳು. ಬಹಳ ಮೆತ್ತಗಿನ ಹುಡುಗಿ. ಅವಳ ಅತ್ತೆ ಒಂದು ದಿನ ನಮ್ಮ ಪಡಸಾಲೆಯಲ್ಲಿ ಕೂತು, ಮಗ ಸೊಸೆ ಹೊಂದಿಕೊಂಡಂತೆ ಕಾಣುವುದಿಲ್ಲ, ಮುಖ ಕೊಟ್ಟು ಮಾತೇ ಆಡುವುದಿಲ್ಲ ಎಂದು ಹೇಳಿಕೊಂಡರು. ನಮ್ಮ ಅತ್ತೆ ಎಲ್ಲ ಕೇಳಿ, ಎದ್ದು, ಒಂದು ಬರಣಿಗೆ ನಾಲ್ಕು ಮೀನು ಹಿಡಿದು ಹಾಕಿಕೊಟ್ಟರು. "ಹುಡುಗರ ಕೈಯಾಗ ಕೊಡ್ರಿ. ನೀವು ನಡುವ ಹೋಗಬ್ಯಾಡ್ರಿ" ಅಂದರು. ನಾನು ಅವರ ಮುಖ ನೋಡಿದೆ. ಅವರು ಕೈ ಒರೆಸಿಕೊಳ್ಳುತ್ತಿದ್ದರು.

ಆ ನಾಲ್ಕೂ ವಾರದೊಳಗೆ ಸತ್ತವು. ಹಿಟ್ಟು ಹೆಚ್ಚಾಗಿತ್ತಂತೆ. ಮತ್ತೆ ಕೇಳಲು ಗಂಡ ಹೆಂಡತಿ ಇಬ್ಬರೂ ಕೂಡಿ ಬಂದರು. ಹೆಚ್ಚು ಹಾಕಿದ್ದು ನೀನು, ಅಲ್ಲ ನೀವು ಎಂದು ಬಾಗಿಲಲ್ಲೇ ವಾದ ಮಾಡುತ್ತಿದ್ದರು. ಒಳಗೆ ಕರೆದು ಕೂಡಿಸಿ, ಚಿಟಿಕೆ ಎಂದರೆ ಎಷ್ಟು ಎಂದು ನಾನು ತೋರಿಸಿಕೊಟ್ಟೆ.