ನೀಲವ್ವ ದೊಡ್ಡವ್ವನ ಡಿಶ್ಶು, ಚನ್ನಪ್ಪನ ಬಣವೆ

ನೀಲವ್ವ ದೊಡ್ಡವ್ವ ಟಿವಿ ಹಚ್ಚುವ ಮೊದಲು ಬಾಜೂ ಮನೆಯ ಎತ್ತುಗಳು ಹೊಟ್ಟೆ ತುಂಬ ಮೇದಿವೆಯೋ ಇಲ್ಲವೋ ಎಂದು ವಿಚಾರಿಸುತ್ತಿದ್ದಳು. ಇದು ಜೀವದಯೆಯ ಮಾತಲ್ಲ, ಶುದ್ಧ ಪ್ರಸಾರ ವಿಜ್ಞಾನ. ಆಕೆಯ ಫ್ರೀ ಡಿಶ್ ಇದ್ದದ್ದು ಹಿತ್ತಲಲ್ಲಿ, ದನದ ಕೊಟ್ಟಿಗೆಯ ಮೋಟುಗೋಡೆಯ ಮೇಲೆ. ಅದು ಮುಖ ಮಾಡಿದ ಕಡೆಗೇ, ಮುಗಿಲು ಮುಚ್ಚುವಂತೆ, ಬಾಜೂ ಮನೆಯ ಮೈದುನ ಚನ್ನಪ್ಪನ ಕಣಕಿಯ ಬಣವೆ, ಜೋಳದ ಒಣದಂಟಿನ ರಾಶಿ. ಜೋಳದ ಸುಗ್ಗಿ ಮುಗಿದು ಬಣವೆ ಎದ್ದಿತೆಂದರೆ ದೊಡ್ಡವ್ವನ ಟಿವಿಯಲ್ಲಿ ‘ಸಿಗ್ನಲ್ ಇಲ್ಲ’ ಎಂಬ ಒಂದೇ ಕಾರ್ಯಕ್ರಮ. ಮುಂದೆ ಎತ್ತುಗಳು ಮೇದಂತೆಲ್ಲ ಬಣವೆ ಕುಗ್ಗಿ ಚಾನೆಲ್‌ಗಳು ಒಂದೊಂದಾಗಿ ಮರಳುತ್ತಿದ್ದವು. ಯುಗಾದಿಗೆ ಭಕ್ತಿಗೀತೆ, ಬಸವ ಜಯಂತಿಗೆ ಹಿಂದಿ ಧಾರಾವಾಹಿ, ಕಾರಹುಣ್ಣಿವೆಗೆ ಸರ್ಕಾರಿ ಕನ್ನಡ ಚಾನೆಲ್.

ಓಣಿಯಲ್ಲಿ ಎಲ್ಲರೂ ತಿಂಗಳ ರೀಚಾರ್ಜಿನ ಡಿಶ್ ಹಾಕಿಸಿದ್ದರು. ದೊಡ್ಡವ್ವ ಜಪ್ಪಯ್ಯ ಅನ್ನಲಿಲ್ಲ. “ಮುಗಿಲಿಂದ ಬೀಳೂದಕ್ಕ ರೊಕ್ಕ ಯಾಕ ಕೊಡಬೇಕೋ ಮಾಸ್ತರಾ? ನಾಳೆ ಮಳಿಗೂ ರೀಚಾರ್ಜ್ ಮಾಡಸ್ತೀಯೇನು?” ಎಂದು ಕೇಳಿದಳು. ಅದೇ ಓಣಿಯಲ್ಲಿದ್ದು ಮೂವತ್ತು ವರ್ಷ ಗಣಿತ ಕಲಿಸಿದ ನಾನು ಮನೆಗೆ ಹೋಗಿ ವರ್ಷದ ರೀಚಾರ್ಜಿನ ಲೆಕ್ಕ ಕೂಡಿಸಿದೆ.

ಫ್ರೀ ಡಿಶ್‌ನಲ್ಲಿ ಬರುವುದು ಬಹುಪಾಲು ಹಿಂದಿ. ಆಕೆಗೆ ಹಿಂದಿಯ ಗಂಧವಿರಲಿಲ್ಲ, ಆದರೂ ಕೂತ ಹೆಂಗಸರಿಗೆಲ್ಲ ಕಥೆ ಬಿಡಿಸಿ ಹೇಳುತ್ತಿದ್ದಳು. “ಸೊಸಿ ಅಳಾಕತ್ತಾಳಂದ್ರ ಅತ್ತಿ ಏನೋ ಅಂದಿರಬೇಕು. ಇದಕ್ಕ ಹಿಂದಿ ಯಾಕ ಬೇಕ?” ಕೃಷಿ ಕಾರ್ಯಕ್ರಮದಲ್ಲಿ ಇಸ್ತ್ರಿ ಅಂಗಿಯ ಅಧಿಕಾರಿ ಮೆಣಸಿನ ಬೆಳೆಯ ಬಗ್ಗೆ ಮಾತಾಡಿದರೆ ಎದುರುತ್ತರ ಕೊಡದೆ ಬಿಟ್ಟವಳಲ್ಲ. “ಮದಲ ಕಾಲಾಗಿನ ಬೂಟು ಕಳದು ಹೊಲದಾಗ ಇಳಿ ತಮ್ಮಾ, ಆಮ್ಯಾಲ ಹೇಳುವಿಯಂತ.” ಆತ ಇಳಿಯುತ್ತಿರಲಿಲ್ಲ. ಅದು ಆತನ ಹಟಮಾರಿತನ ಎಂದು ಆಕೆಯ ನಂಬಿಕೆ.

ಡಿಶ್ಶನ್ನು ನಾಲ್ಕು ಹೆಜ್ಜೆ ಆಚೆ ಸರಿಸಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಅದನ್ನು ಕೂಡಿಸುವಾಗ ದೊಡ್ಡವ್ವ ವಿಭೂತಿ ಹಚ್ಚಿ ಕಾಯಿ ಒಡೆದಿದ್ದಳು. “ಕಾಯಿ ಒಡದು ಕೂಡಿಸಿದ್ದನ್ನ ಎಬ್ಬಸಬಾರದು. ದೇವ್ರಿರಲಿ, ಡಿಶ್ ಇರಲಿ.” ಬಣವೆಯನ್ನಾದರೂ ಸರಿಸೋಣವೆಂದರೆ ಚನ್ನಪ್ಪನೂ ಅದೇ ಮನೆತನದವನು. “ಬಣವಿ ಒಟ್ಟೂ ಮುಂದ ನಾನೂ ಕಾಯಿ ಒಡದೇನಿ ವೈನಿ. ನಮ್ಮಪ್ಪನ ಕಾಲದಿಂದ ಅದ ಜಾಗಾ.” ಹೀಗೆ ಎರಡು ತೆಂಗಿನಕಾಯಿಗಳ ನಡುವೆ ಸಿಕ್ಕ ಉಪಗ್ರಹ ಪ್ರತಿವರ್ಷ ಸೋಲುತ್ತಿತ್ತು.

ಇಂಥದರಲ್ಲಿ ಒಂದು ವರ್ಷ ಸರ್ಕಾರಿ ಚಾನೆಲ್‌ನವರು ದೊಡ್ಡವ್ವನ ಮೇಳದ ಸೋಬಾನೆ ಪದಗಳನ್ನು ಚಿತ್ರೀಕರಿಸಿಕೊಂಡು ಹೋದರು. ಶನಿವಾರ ಸಂಜೆ ಪ್ರಸಾರವೆಂದು ಫೋನ್ ಬಂತು. ಆಕೆ ಓಣಿಯಲ್ಲಿ ಮನೆಮನೆಗೆ ಹೋಗಿ, ಮದುವೆಗೆ ಕರೆಯುವಂತೆ ಕುಂಕುಮ ಹಚ್ಚಿ ಕರೆದು ಬಂದಳು. ಬಂದು ಟಿವಿ ಹಚ್ಚಿದರೆ ಆ ಚಾನೆಲ್ಲಿಗೆ ಸಿಗ್ನಲ್ ಇಲ್ಲ. ಇನ್ನೂ ಬಸವ ಜಯಂತಿಯ ಹೊತ್ತು, ಕನ್ನಡ ಚಾನೆಲ್ಲಿಗೆ ಅಡ್ಡವಾಗಿ ಅರ್ಧ ಬಣವೆ ಬಾಕಿ.

“ನಮ್ಮ ಮನ್ಯಾಗ ನೋಡಬಾ ದೊಡ್ಡವ್ವಾ, ಅಗದಿ ಸ್ವಚ್ಛ ಬರತೈತಿ,” ಎಂದೆ.

“ನನ್ನ ಮಾರಿ ನಾ ಮಂದಿ ಮನ್ಯಾಗ ನೋಡಬೇಕೇನೋ? ಕರದಾಕಿ ನಾನು, ಕುಂದ್ರೂದು ನಿಮ್ಮ ಮನ್ಯಾಗ?”

ಮಾತಿನಲ್ಲಿ ಖಾರವಿತ್ತು, ಆದರೆ ಕಣ್ಣು ಬಣವೆಯ ಮೇಲಿತ್ತು. ಚನ್ನಪ್ಪನನ್ನು ಒಂದು ಮಾತು ಕೇಳೆಂದೆ. ಜೀವಮಾನದಲ್ಲಿ ಆಕೆ ಮೈದುನನ ಮುಂದೆ ಸೋತವಳಲ್ಲ. ನಾನೇ ಹೋಗಿ ಕೇಳಿದೆ.

“ಕಾಯಿ ಒಡದ ಬಣವಿ ಕಿತ್ತ ಬ್ಯಾರೆ ಕಡೆ ಒಟ್ಟಾಕ ಬರೂದಿಲ್ರಿ ಮಾಸ್ತರ್ರ,” ಎಂದು ಚನ್ನಪ್ಪ ಎಲೆ ಅಡಿಕೆ ಬಾಯಿಗಿಟ್ಟ. ಸಂಧಾನ ಮುರಿದು ಬಿತ್ತು.

ಶನಿವಾರ ಮುಂಜಾನೆ ಹಿತ್ತಲಲ್ಲಿ ಗದ್ದಲ. ಹೋಗಿ ನೋಡಿದರೆ ಚನ್ನಪ್ಪ ಬಣವೆಯ ನೆತ್ತಿಯ ಮೇಲೆ ನಿಂತು ಕಣಕಿಯ ಸೂಡುಗಳನ್ನು ಕೆಳಕ್ಕೆ ಒಗೆಯುತ್ತಿದ್ದಾನೆ. ಅವನ ಎತ್ತುಗಳೆರಡೂ ಮೊಣಕಾಲುದ್ದದ ಮೇವಿನಲ್ಲಿ ನಿಂತು, ತಮ್ಮನ್ನು ಮಾರುವ ವಿಚಾರವೇನಾದರೂ ಇದೆಯೋ ಎಂಬಂತೆ ಯಜಮಾನನನ್ನು ನೋಡುತ್ತಿವೆ. ಅಷ್ಟೇ ಅಲ್ಲ, ಓಣಿಯ ಎಮ್ಮೆ, ಆಕಳು, ಕರುಗಳಿಗೆಲ್ಲ ಆಮಂತ್ರಣ ಹೋಗಿತ್ತು.

“ಏನೋ ಇದು ಚನ್ಯಾ?” ದೊಡ್ಡವ್ವ ಕೊಟ್ಟಿಗೆಯ ಬಾಗಿಲಿಂದ ಕೂಗಿದಳು.

“ದನ ಹಸದಾವ ವೈನಿ.”

“ಊರ ದನ ಎಲ್ಲಾ ಇವತ್ತ ಹಸದಾವೇನು?”

“ಹಸಿವಿಗೆ ವಾರ ತಿಥಿ ಎಲ್ಲೈತಿ? ದನಕ್ಕ ಮೇವು ಹಾಕಿದ್ರ ಬಣವಿ ಕಿತ್ತಂಗ ಆಗೂದಿಲ್ಲ. ನೀ ಒಳಗ ಹೋಗಿ ಹೊಸ ಸೀರಿ ಉಡು.”

ದೊಡ್ಡವ್ವ ಮೈದುನ ಹೇಳಿದಂತೆ ಕೇಳಿದಳು. ನಾನು ಕಂಡಂತೆ ಅದೇ ಮೊದಲು. ಒಳಗೆ ಹೋದಳು.

ಸಂಜೆಗೆ ಪಡಸಾಲೆ ಕಿಕ್ಕಿರಿದಿತ್ತು. ಹಿತ್ತಲಿನ ಗೋಡೆಯಾಚೆ ದನಗಳು ಮೆಲುಕು ಹಾಕುವ ಸದ್ದು, ಈಚೆ ಟಿವಿಯಲ್ಲಿ ಗಾಜಿನಂಥ ಚಿತ್ರ. ದೊಡ್ಡವ್ವ ಪರದೆಯ ಮೇಲೆ ಬಂದು ಪದ ಎತ್ತಿದಾಗ, ಕೆಳಗೆ ಕೂತ ದೊಡ್ಡವ್ವ ಸೆರಗು ಸರಿಮಾಡಿಕೊಂಡು ತನ್ನದೇ ಪದಕ್ಕೆ ಸೊಲ್ಲು ಹಿಡಿದಳು. ಮೇಳದವರೂ ಕೂಡಿಕೊಂಡರು. ಟಿವಿಯ ದನಿ ಯಾರಿಗೂ ಕೇಳಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ. ಚನ್ನಪ್ಪ ಹೊಸ್ತಿಲಾಚೆಯೇ ನಿಂತು ಕೊನೆಯವರೆಗೂ ನೋಡಿದ.

“ದನಿ ಚಲೋ ಬಂತು ವೈನಿ. ಮಾರಿ ಮಾತ್ರ ನಿಂದ ಐತಿ, ಅದಕ್ಕೇನ ಮಾಡೂದು.”

“ಎತ್ತು ಹೊಟ್ಟಿ ತುಂಬ ಮೇದಾವೇನೋ?” ಎಂದಳು ದೊಡ್ಡವ್ವ. ಆ ಮನೆತನದಲ್ಲಿ ಇದಕ್ಕಿಂತ ದೊಡ್ಡ ಕೃತಜ್ಞತೆಯ ಮಾತು ಆವರೆಗೆ ಯಾರೂ ಆಡಿರಲಿಲ್ಲ.

ಮುಂದಿನ ಸುಗ್ಗಿಯ ಹೊತ್ತಿಗೆ ಆಕೆ ಕಾಲುನೋವಿನ ಔಷಧಿಗೆಂದು ನವಲಗುಂದದ ಮಗಳ ಮನೆಯಲ್ಲಿದ್ದಳು. ನೋಡಲು ಹೋದೆ. ಗೋಡೆಯಗಲದ ಟಿವಿ ತನ್ನಷ್ಟಕ್ಕೆ ಉರಿಯುತ್ತಿತ್ತು. ಆಕೆ ಅದಕ್ಕೆ ಬೆನ್ನು ಮಾಡಿ ಜಮಖಾನದ ಮೇಲೆ ಕೂತಿದ್ದಳು.

“ನೋಡೂದಿಲ್ಲೇನು ದೊಡ್ಡವ್ವಾ?”

“ಒತ್ತಿದ ಕೂಡ್ಲೆ ಬರತೈತಪಾ ಇಲ್ಲಿ. ಯಾರ ಜೋಡಿ ಜಗಳಾಡೂದು?” ಎಂದಳು. ಆಮೇಲೆ ತಡೆಯದೆ ಕೇಳಿದಳು, “ಚನ್ಯಾ ಬಣವಿ ಎಲ್ಲಿ ಒಟ್ಟ್ಯಾನ?”

ಆಕೆ ಹಿಗ್ಗಲಿ ಎಂದೇ ಹೇಳಿದೆ. ಈ ಸಲ ಚನ್ನಪ್ಪ ತಾನಾಗಿಯೇ ಬಣವೆಯನ್ನು ಬಾವಿಯ ಕಡೆ ಒಟ್ಟಿದ್ದ, ಡಿಶ್ಶಿನ ಮುಂದೆ ಮುಗಿಲು ಬಯಲಾಗಿತ್ತು.

ದೊಡ್ಡವ್ವನ ಮುಖ ಬಿಗಿಯಿತು. “ನಾ ಇಲ್ಲದಾಗ ಯಾರ ಹೇಳಿದ್ರು ಅವಂಗ? ಹೋಗಿ ಹೇಳು, ಮದಲಿನ ಜಾಗಾಕ್ಕ ಒಟ್ಟು ಅಂತ. ನಾ ಇನ್ನೂ ಬರೂದೈತಿ.”

ಬಂದು ಹೇಳಿದೆ. ಮರುದಿನವೇ ಚನ್ನಪ್ಪ ಆಳುಗಳನ್ನು ಕರೆದು, ಕಾಯಿ ಒಡೆದ ಬಣವೆಯನ್ನು ಕಿತ್ತು, ಡಿಶ್ಶಿನ ಮುಂದೆ ಒಟ್ಟಿಸಿದ.

ಆಕೆ ಬರಲಿಲ್ಲ. ಮಳೆಗಾಲದಲ್ಲಿ ನವಲಗುಂದದಿಂದ ಸಾವಿನ ಸುದ್ದಿ ಬಂತು. ಈ ವರ್ಷದ ಬಣವೆಯೂ ಅಲ್ಲೇ ಎದ್ದಿದೆ. ಕೇಳಿದರೆ ಚನ್ನಪ್ಪ, “ಅಕೀ ಹೇಳಿದ ಜಾಗಾ ಅದು,” ಎನ್ನುತ್ತಾನೆ.