ಹಿಂಡು ದಾಟುವವರೆಗೆ

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಓಣಿಯನ್ನು ಮೊದಲು ನೀರಿನ ಕೊಳವೆಗೆಂದು ಅಗೆದರು, ಮುಚ್ಚಿದರು. ಆಮೇಲೆ ಗ್ಯಾಸಿನ ಕೊಳವೆಗೆಂದು ಅಗೆದರು. ಅದನ್ನೂ ಮುಚ್ಚಿ, ಫರಸಿ ಕಲ್ಲು ಹಾಸಿ, ದೀಪದ ಕಂಬ ನೆಟ್ಟ ಮೇಲೆ ಕಂಬಕ್ಕೆ ತಂತಿ ಎಳೆಯುವುದು ಮರೆತದ್ದು ನೆನಪಾಗಿ ಮತ್ತೆ ಅಗೆದರು. ನಾನು ವಿಶ್ವವಿದ್ಯಾಲಯದ ಕಚೇರಿಯಲ್ಲಿ ಗುಮಾಸ್ತ. ಮನೆಯ ಮುಂದಿನ ತಗ್ಗು ದಾಟಿ ಸ್ಕೂಟರು ಖಾನಾಪುರ ರಸ್ತೆಗೆ ಹತ್ತಿದರೆ ಅಲ್ಲಿಯೂ ಅದೇ ಗೋಳು. ಅದನ್ನು ಅಗಲ ಮಾಡಲು ಹಿಡಿದು ವರ್ಷಗಳಾದವು. ಊರು ಬೆಳೆಯಬೇಕು, ಹುಡುಗರು ಓದಬೇಕು, ಹೊಸ ಕ್ಯಾಂಪಸ್ಸು ಬೇಕು, ಎಲ್ಲವೂ ಸರಿ. ಆದರೆ ಧೂಳು ಕುಡಿಯುವವನು ನಾನು. ದಿನಾ ಬೈಯುತ್ತೇನೆ, ದಿನಾ ಹೋಗುತ್ತೇನೆ.

ಹೀಗೆ ಬೈಯುತ್ತ ನಿಂತಲ್ಲಿಯೇ ನನಗೆ ಹಣಮಪ್ಪನ ಪರಿಚಯವಾದದ್ದು.

ಹೊಸ ಕ್ಯಾಂಪಸ್ಸಿಗೆ ತಿರುಗುವ ಜಾಗದಲ್ಲಿ ರಸ್ತೆಯ ಒಂದು ಮಗ್ಗುಲು ಮಾತ್ರ ತೆರೆದಿತ್ತು. ಆ ಕಡೆಯವರನ್ನು ನಿಲ್ಲಿಸಿ ಈ ಕಡೆಯವರನ್ನು ಬಿಡಬೇಕು, ಈ ಕಡೆಯವರನ್ನು ನಿಲ್ಲಿಸಿ ಆ ಕಡೆಯವರನ್ನು. ಆ ಕೆಲಸಕ್ಕೆ ಹಣಮಪ್ಪ. ಕಿತ್ತಳೆ ಬಣ್ಣದ ಜಾಕೀಟು, ತಲೆಗೆ ಹಳೆಯ ರುಮಾಲು, ಒಂದು ಕೈಯಲ್ಲಿ ಕೆಂಪು ಬಾವುಟ, ಇನ್ನೊಂದರಲ್ಲಿ ಹಸಿರು. ಲಾರಿಯವರು ಅವಸರ ಮಾಡಿದರೆ ಬಾವುಟ ಅಲ್ಲಾಡಿಸುವ ಮೊದಲು ಅವನ ಬಾಯಿಂದ “ಹಿರ್ರ್... ಹೋ” ಎಂಬ ಸದ್ದು ಹೊರಡುತ್ತಿತ್ತು. ಕಾಲೇಜು ಹುಡುಗರು ನಕ್ಕು ಸಾಯುತ್ತಿದ್ದರು. ಅವನು ನಗುತ್ತಿರಲಿಲ್ಲ. ಒಮ್ಮೆ ನಾನು ಕೇಳಿದೆ, ಎಲ್ಲರೂ ಮುಂದಿನ ಗಾಡಿ ನೋಡುತ್ತಾರೆ, ನೀನು ಯಾಕೆ ಯಾವಾಗಲೂ ಕೊನೆಯ ಗಾಡಿಯನ್ನು ನೋಡುತ್ತೀ ಎಂದು.

“ಮುಂದಿಂದು ತಾನ ಹೋಗ್ತೈತಿ ಸರ. ಹಿಂದ ಉಳದದ್ದು ನೋಡಬೇಕು” ಎಂದ.

ಕುರಿ ಕಾದವನ ಮಾತು ಅದು. ಹಣಮಪ್ಪ ಖಾನಾಪುರದ ಆಚೆಯ ಒಂದು ಸಣ್ಣ ಊರಿನವನು, ಹಾಲುಮತದ ಕುರಿಗಾರರ ಮನೆತನ. ಅಪ್ಪ ತೀರಿಕೊಂಡ ಮೇಲೂ ಅವನೂ ತಮ್ಮ ಬಾಳೇಶನೂ ಹಿಂಡು ಒಡೆಯಲಿಲ್ಲ. ಖಾನಾಪುರದ ಮಳೆಯಲ್ಲಿ ಕುರಿಯ ಗೊರಸು ಕೊಳೆಯುತ್ತದೆ. ಆದ್ದರಿಂದ ಮಳೆ ಹಿಡಿಯುವ ಮೊದಲು ಮೂಡಣದ ಬಯಲಿಗೆ ಹೊಡೆದುಕೊಂಡು ಹೋಗುವುದು, ಭತ್ತದ ಕೊಯ್ಲು ಮುಗಿದ ಮೇಲೆ ತಿರುಗಿ ಬಂದು ಗದ್ದೆಗಳಲ್ಲಿ ರಾತ್ರಿ ಹಿಂಡು ತರುಬಿ ಮಲಗಿಸುವುದು. ಕುರಿ ಮಲಗಿ ಎದ್ದ ಗದ್ದೆಗೆ ಬೇರೆ ಗೊಬ್ಬರ ಬೇಡವೆಂದು ಗದ್ದೆಯವರೇ ಕರೆಯುತ್ತಾರೆ. ಹಣಮಪ್ಪನ ಬಾಳೆಲ್ಲ ಈ ಹೋಗಿ ಬರುವುದರಲ್ಲಿಯೇ ಕಳೆಯಬೇಕಿತ್ತು.

ಕಳೆಯಲಿಲ್ಲ. ಮಗಳು ಮನಿಷಾ ಹತ್ತನೆಯ ಇಯತ್ತೆ ಪಾಸಾಗಿ ಬೆಳಗಾವಿಯ ಕಾಲೇಜಿಗೇ ಹೋಗುತ್ತೇನೆಂದು ಹಟ ಹಿಡಿದಳು. ಅದೇ ವರ್ಷ ಮೇಯುವ ಗುಡ್ಡಕ್ಕೆ ಬೇಲಿ ಬಿತ್ತು. ಹಣಮಪ್ಪ ತನ್ನ ಪಾಲಿನ ಕುರಿಗಳನ್ನು ಮಾರಿದ. ಮಾರಿದ್ದು ತಪ್ಪಲ್ಲ. ಆದರೆ ಹಿಂಡಿನಿಂದ ಕುರಿ ಹೊರಗೆ ಹೋಗುವುದಿದ್ದರೆ ಮೊದಲು ಒಡಹುಟ್ಟಿದವನನ್ನು ಕೇಳಬೇಕು, ಅವನು ಒಲ್ಲೆ ಅಂದರೆ ಮಾತ್ರ ಹೊರಗಿನವನಿಗೆ. ಅದು ಅವರಲ್ಲಿ ಅಪ್ಪ ಅಜ್ಜನ ಕಾಲದ ರೀತಿ. ಬಾಳೇಶ ನೆಂಟರ ಮದುವೆಗೆ ಹೋಗಿದ್ದಾಗ ಹಣಮಪ್ಪ ಗೋವಾದ ವ್ಯಾಪಾರಿಯನ್ನು ಕರೆಸಿ ಲಾರಿಗೆ ಹತ್ತಿಸಿಬಿಟ್ಟ. ಲಾರಿ ಲೋಂಡಾ ದಾರಿ ಹಿಡಿದು ಹೋಯಿತು. ಬಾಳೇಶ ಬಂದು ನೋಡುತ್ತಾನೆ, ಹಟ್ಟಿಯಲ್ಲಿ ತಾಯಿ ಇಲ್ಲದ ಮರಿಗಳು ಒದರುತ್ತಿವೆ.

“ನೀ ಹಿಂಡು ಬಿಟ್ಟವ. ಇವತ್ತಿನಿಂದ ನನಗ ಅಣ್ಣ ಇಲ್ಲ” ಎಂದು ಹೇಳಿ ಬಾಗಿಲು ಹಾಕಿಕೊಂಡ. ಹುಟ್ಟುತ್ತ ಅಣ್ಣ ತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಒಂದೇ ಅಂಗಳ, ಎದುರುಬದುರು ಎರಡು ಬಾಗಿಲು, ಮೂರು ವರ್ಷ ಮಾತಿಲ್ಲ.

ಇದನ್ನೆಲ್ಲ ಹಣಮಪ್ಪ ಕೆಂಪು ಬಾವುಟದ ಬಿಡುವಿನಲ್ಲಿ ತುಣುಕು ತುಣುಕಾಗಿ ನನಗೆ ಹೇಳಿದ್ದ. ಅದಕ್ಕಿಂತ ಹೆಚ್ಚು ಹೇಳುತ್ತಿದ್ದದ್ದು ಎರಡು ಖೋಲಿಯ ಒಂದು ಮನೆಯ ಸುದ್ದಿ. ಹೊಸ ಕ್ಯಾಂಪಸ್ಸಿನ ಬಾಗಿಲಿಗೆ ಕಾವಲುಗಾರ ಬೇಕಾಗಿದ್ದ. ಬಾಗಿಲ ಬಾಜೂಕೆ ಅವನಿಗೆಂದು ಎರಡು ಖೋಲಿ, ನಳ, ಕರೆಂಟು. ಗುತ್ತಿಗೆದಾರನ ಸೂಪರ್‌ವೈಸರ್ ಶಿವಲಿಂಗ ಆ ಕೆಲಸ ಹಣಮಪ್ಪನಿಗೇ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದ. ಉದ್ಘಾಟನೆ ಆದ ಮರುದಿನದಿಂದ ಬಾ ಎಂದಿದ್ದ.

ಹಣಮಪ್ಪನಿಗೆ ಆ ಖೋಲಿ ಬೇಕಾಗಿದ್ದದ್ದು ತನಗಾಗಿ ಅಲ್ಲ. ಮನಿಷಾ ದಿನಾ ಬೆಳಗಾಗುವ ಮೊದಲೇ ಊರಿನಿಂದ ಖಾನಾಪುರ ಸ್ಟೇಶನ್ನಿನವರೆಗೆ ಒಬ್ಬಳೇ ನಡೆದು ರೇಲ್ವೆ ಹಿಡಿಯಬೇಕಾಗಿತ್ತು. ದಾರಿಯಲ್ಲಿ ಗಿಡಗಂಟಿ, ನಾಯಿಗಳು, ಕುಡಿದು ಬಿದ್ದವರು. ಹಣಮಪ್ಪ ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲಿಯೇ ಮಲಗುತ್ತಿದ್ದ, ಜೊತೆಗೆ ಹೋಗುವವರಿಲ್ಲ. ಒಮ್ಮೆ ಯಾರೋ ಬೆನ್ನು ಹತ್ತಿದ್ದರಂತೆ. ಅಂದಿನಿಂದ ಹೆಂಡತಿ ಪ್ರಮಿಳಾ “ಖೋಲಿ ಸಿಕ್ರ ಸಾಲಿ, ಇಲ್ಲಾಂದ್ರ ಸಾಲಿ ಬ್ಯಾಡ” ಎಂದು ಒಂದೇ ಮಾತು ಹಿಡಿದಿದ್ದಳು. ಆದರೂ ನೋಡದ ಖೋಲಿಯಲ್ಲಿ ಒಲೆ ಯಾವ ಮೂಲೆಗೆ, ತುಳಸಿ ಕುಂಡ ಎಲ್ಲಿಗೆ ಎಂದು ಆಗಲೇ ಠರಾಯಿಸಿಬಿಟ್ಟಿದ್ದಳು.

ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು. ಅಂದು ಹಣಮಪ್ಪನ ಜಾಕೀಟು ಹೊಸದು. ಶಿವಲಿಂಗ ಅವನ ಕೈಗೆ ವಾಕಿಟಾಕಿ ಕೊಟ್ಟು, “ಪೀರನವಾಡಿ ದಾಟಿದ್ರು ಅಂತ ನಾ ಹೇಳಿದ ಕೂಡ್ಲೆ ಎಲ್ಲಾ ಬಂದ್. ಮಂತ್ರಿ ಗಾಡಿ ಬಿಟ್ಟು ಒಂದು ನೊಣಾನೂ ಹಾಯಬಾರದು” ಎಂದು ತಾಕೀತು ಮಾಡಿ ಹೋದ. ನಾನು ಸ್ಕೂಟರು ಬದಿಗೆ ಹಚ್ಚಿ ನಿಂತಿದ್ದೆ.

ಆಗಲೇ ಪೂರ್ವದ ಕಡೆಯಿಂದ ಕುರಿಹಿಂಡು ಬಂತು. ಡಿಸೆಂಬರ್ ತಿಂಗಳು, ಭತ್ತದ ಗದ್ದೆಗಳು ರಸ್ತೆಯ ಆಚೆ. ಮೊದಲು ಹಿಂಡು ದಾಟುತ್ತಿದ್ದ ಬಂಡಿದಾರಿಗೆ ನಡುರಸ್ತೆಯಲ್ಲಿ ಗೋಡೆ ಎದ್ದಿತ್ತು. ಕೆಳಗಿನಿಂದ ದಾಟಲೆಂದು ಕಟ್ಟಿದ ಸುರಂಗದಲ್ಲಿ ಎದೆಮಟ್ಟ ನೀರು. ಮೈಲುಗಟ್ಟಲೆ ನೋಡಿದರೂ ದಾಟಲು ಉಳಿದದ್ದು ಹಣಮಪ್ಪ ನಿಂತ ಆ ಒಂದೇ ಜಾಗ. ಹಿಂಡಿನ ಹಿಂದೆ ಕಂಬಳಿ ಹೊದ್ದು ಬರುತ್ತಿದ್ದವನು ಇವನನ್ನು ಕಂಡವನೇ ಮುಖ ತಿರುಗಿಸಿದ. ಹಣಮಪ್ಪನೂ ಅವನನ್ನು ನೋಡಿ ನೆಲ ನೋಡಿದ. ಬಾಳೇಶ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ, ಮೂಗು ಇಬ್ಬರದೂ ಒಂದೇ.

ಹಣಮಪ್ಪ ಎರಡೂ ಕಡೆಗೆ ಕೆಂಪು ಹಿಡಿದ. ಹಿಂಡು ದಾಟತೊಡಗಿತು. ಅರ್ಧ ಆಚೆ ಹೋಗಿರಬೇಕು, ವಾಕಿಟಾಕಿ ಕರಕರ ಎಂದಿತು. ಮಂತ್ರಿಗಳು ಹೇಳಿದ ಹೊತ್ತಿಗೇ ಬಂದುಬಿಟ್ಟಿದ್ದರು. ತಿರುವಿನಲ್ಲಿ ಸೈರನ್ನು ಕೇಳಿಸಿತು, ಕೆಂಪು ದೀಪ ಕಾಣಿಸಿತು. ಅಲ್ಲಿದ್ದ ಒಬ್ಬನೇ ಒಬ್ಬ ಪೊಲೀಸ್ ಪೇದೆ ಲಾಠಿ ಬೀಸುತ್ತ ಕುರಿಗಳ ನಡುವೆ ನುಗ್ಗಲು ಬಂದ.

ಕುರಿ ಕಾಯುವವರಲ್ಲಿ ಒಂದು ಕಟ್ಟು ಇದೆ. ದಾಟುವ ಹಿಂಡನ್ನು ನಡುವೆ ಕಡಿಯಬಾರದು. ಮನುಷ್ಯನೂ ಕಡಿಯಬಾರದು, ಬಂಡಿಯೂ ಕಡಿಯಬಾರದು. ಹಿಂದುಳಿದವು ಮುಂದಿನವನ್ನು ನೋಡಿ ಯಾವುದರ ಅಡಿಗಾದರೂ ಹಾರುತ್ತವೆ. ಅಂದು ಹಿಂದುಳಿದದ್ದು ಮರಿಗಳು. ಅವುಗಳ ತಾಯಿಕುರಿಗಳು ಆಗಲೇ ಆಚೆ ದಡದಲ್ಲಿ ನಿಂತು ಒದರುತ್ತಿದ್ದವು.

ಹಣಮಪ್ಪನಿಗೆ ಅತ್ತ ದರಿ ಇತ್ತ ಪುಲಿ. ಹಸಿರು ಬಾವುಟದ ಕೈ ಒಂದಿಷ್ಟು ಮೇಲೆದ್ದದ್ದನ್ನು ನಾನು ಕಣ್ಣಾರೆ ಕಂಡೆ. ನನಗೆ ಆ ಎರಡು ಖೋಲಿಯದೇ ಚಿಂತೆ. “ಮಾರಾಯಾ, ಹಸರು ಹಿಡೀಪಾ!” ಎಂದು ಕೂಗಿದೆ. ಅವನು ಹಸಿರು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೆಂಪು ಬಾವುಟವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ನಡುರಸ್ತೆಯಲ್ಲಿ ಸೈರನ್ನಿಗೆ ಎದುರಾಗಿ ನಿಂತುಬಿಟ್ಟ. “ಹಿರ್ರ್... ಹೋ” ಎಂದ. ಗಾಡಿಗಳು ನಿಂತವು, ಪೇದೆಯೂ ನಿಂತ. ಕೊನೆಯ ಕುಂಟು ಮರಿ ದಾಟುವವರೆಗೂ ಅವನು ಕದಲಲಿಲ್ಲ.

ಮಂತ್ರಿಗಳು ಸಿಟ್ಟಾದರೆಂದು ನೀವು ತಿಳಿದಿರಬೇಕು. ಇಲ್ಲ. ಗಾಡಿಯಿಂದ ಇಳಿದರು, ಒಂದು ಮರಿಯನ್ನು ಎತ್ತಿಕೊಂಡರು, ಫೋಟೋ ತೆಗೆಸಿಕೊಂಡರು. ಮರುದಿನ ಪತ್ರಿಕೆಯಲ್ಲಿ ಅದೇ ದೊಡ್ಡದಾಗಿ ಬಂತು. ಮೂಲೆಯಲ್ಲಿ ಒಂದು ಕೈ, ಅದರಲ್ಲಿ ಕೆಂಪು ಬಟ್ಟೆ. ಆ ಕೈಯವನನ್ನು ಹಿಂದಿನ ದಿನ ಸಂಜೆಯೇ ಕೆಲಸದಿಂದ ತೆಗೆದಿದ್ದರು. ಮಂತ್ರಿ ನಕ್ಕರೆ ಏನಾಯಿತು, ಗುತ್ತಿಗೆದಾರನಿಗೆ ದೊಡ್ಡವರ ಮುಂದೆ ಅವಮಾನವಾಗಿತ್ತಂತೆ. ಶಿವಲಿಂಗ ಕೆಟ್ಟವನಲ್ಲ. “ನನ್ನ ಕೈಯಾಗ ಏನೂ ಉಳದಿಲ್ಲೋ ಹಣಮಪ್ಪಾ” ಎಂದು ಕಣ್ಣು ತಪ್ಪಿಸಿ ಜಾಕೀಟು ಇಸಿದುಕೊಂಡ. ಖೋಲಿ ಬೇರೆ ಯಾರಿಗೋ ಹೋಯಿತು. ನಾನು ನನಗೆ ಗೊತ್ತಿದ್ದ ನಾಲ್ಕು ಮಂದಿಯ ಹತ್ತಿರ ಹಲ್ಲು ಗಿಂಜಿದೆ. ಗುಮಾಸ್ತನ ಮಾತು ಯಾರು ಕೇಳುತ್ತಾರೆ?

ಭಾನುವಾರ, ನನ್ನಿಂದ ಏನೂ ಆಗಲಿಲ್ಲವೆಂದು ಹೇಳಲೆಂದೇ ಖಾನಾಪುರದಲ್ಲಿ ಇಳಿದು, ಅಲ್ಲಿಂದ ಅವನ ಊರಿಗೆ ಹೋದೆ. ಹಣಮಪ್ಪ ಕಟ್ಟೆಯ ಮೇಲೆ ಕೂತಿದ್ದ. “ಬರ್ರಿ ಸರ, ಕುಂದರ್ರಿ” ಎಂದ. ನನ್ನ ಮುಖ ನೋಡಿಯೇ ತಿಳಿದುಕೊಂಡ, ಕೇಳಲಿಲ್ಲ. ಪ್ರಮಿಳಾ ಸುಮ್ಮನಿರುವವಳಲ್ಲ.

“ಕೈಗೆ ಬಂದದ್ದು ಬಾಯಿಗಿ ಬರಲಿಲ್ಲ ನೋಡ್ರಿ ಅಣ್ಣಾರ. ಊರ ಮಂದಿ ಕುರಿ ಕಾಯಾಕ ಹೋಗಿ ಹೊಟ್ಟಿ ಮಗಳ ಸಾಲಿ ಬಿಡಿಸಿದ್ರು ಇವರು. ಇವರು ಮತ್ತ ಎಲ್ಲ್ಯರ ದೂರ ದುಡ್ಯಾಕ ಹೋಗವರ, ನಾಳಿಂದ ಆಕಿ ಮನ್ಯಾಗ ಇರ್ತಾಳ, ನಾ ಕಳಸೂದುಲ್ಲ!”

ಒಳಗೆ ಪಾತ್ರೆ ತಿಕ್ಕುತ್ತಿದ್ದ ಮನಿಷಾಳ ಕೈ ನಿಂತಿತು. ಅಷ್ಟರಲ್ಲಿ ಎದುರಿನ ಬಾಗಿಲು ತೆರೆಯಿತು. ಬಾಳೇಶ ಅಂಗಳ ದಾಟಿ ಬಂದು ಕಟ್ಟೆಯ ಕೆಳಗೆ ನಿಂತ. ಮೇಲೆ ಹತ್ತಲಿಲ್ಲ.

“ಒಂದ ಮಾತು ಕೇಳಾಕ ಬಂದೀನಿ. ಖರೇ ಹೇಳು. ನನ್ನ ಹಿಂಡು ಅಂತ ನಿಲ್ಲಿಸಿದ್ಯಾ?”

ಪ್ರಮಿಳಾ ಗಂಡನ ಕಡೆ ನೋಡಿದಳು. ಹೌದು ಅನ್ನು ಎಂದು ಅವಳ ಮುಖವೇ ಹೇಳುತ್ತಿತ್ತು. ಖೋಲಿ ಹೋದರೆ ಹೋಗಲಿ, ತಮ್ಮನಾದರೂ ಸಿಗಲಿ. ನನಗೂ ಹಾಗೇ ಅನ್ನಿಸಿತು. ಒಂದು ಸುಳ್ಳಿಗೆ ಏನು ಮಹಾ ಖರ್ಚು?

“ನಿಂದು ಅಂತ ಗುರುತು ಹಿಡದಿದ್ದೆ” ಎಂದ ಹಣಮಪ್ಪ. “ಅದಕ್ಕ ಒಂದ ಗಳಿಗಿ ಗಾಡಿ ಬಿಟ್ಟ ಬಿಡೂಣು ಅನಿಸಿತ್ತು. ಅಷ್ಟು ಸಿಟ್ಟಿತ್ತು ಬಾಳ್ಯಾ.”

“ಮತ್ತ?”

“ಮರಿ ಈಚೆ ಉಳದಿದ್ವು.”

ಪ್ರಮಿಳಾ ಹಣೆ ಚಚ್ಚಿಕೊಂಡಳು. ಬಾಳೇಶ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ. ಆಮೇಲೆ, “ನಾನೂ ನಿನ್ನ ದೂರಿಂದನ ನೋಡಿದ್ದೆ. ಬ್ಯಾರೆ ದಾರಿ ಇದ್ರ ಹಿಂಡು ತಿರುವಿ ಹೋಗ್ತಿದ್ದೆ. ಎಲ್ಲಾ ಕಡೆ ಅಗದ ಇಟ್ಟಾರ” ಎಂದ.

ಹಣಮಪ್ಪನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಬಾಳೇಶನೂ ನಕ್ಕ. ನಗುತ್ತಲೇ ಕಟ್ಟೆ ಹತ್ತಿ ಅಣ್ಣನ ಪಕ್ಕ ಕೂತ.

“ನಗ್ರಿ, ನಗ್ರಿ. ಅಣ್ಣ ತಮ್ಮ ಕೂಡಿ ನಗ್ರಿ. ನನ್ನ ಮಗಳ ಗತಿ?” ಎಂದಳು ಪ್ರಮಿಳಾ. ಅವಳ ದನಿ ಒಡೆಯಿತು. ಅವಳ ಸಿಟ್ಟಿನಲ್ಲಿ ಒಂದು ಕಾಳೂ ಸುಳ್ಳಿರಲಿಲ್ಲ.

ಬಾಳೇಶ ನೆಲ ನೋಡುತ್ತ ಅತ್ತಿಗೆಗೆ ಹೇಳಿದ, “ನಾಳೆ ಹಿಂಡು ಬ್ಯಾರೆ ಗದ್ದಿಗೆ ಹೊಡೀಬೇಕು ವೈನಿ. ಮೂರು ವರ್ಷ ಆತು, ಹಿಂದ ನೋಡಾಕ ಮಂದಿ ಇಲ್ಲ. ವರ್ಷಾ ಮರಿ ಕಳಕೊಂತೀನಿ. ಅಣ್ಣ ಮುಂಜಾನೆ ಎದ್ದು ಹಿಂಡಿನ ಕಡೆ ಹ್ವಾದ್ರ...” ಮಾತು ಅರ್ಧಕ್ಕೆ ಬಿಟ್ಟು ಅಂಗಳದ ಮೋಟಾರ್‌ಸೈಕಲ್ಲಿನ ಕಡೆ ಕೈ ಮಾಡಿದ. “ನನ್ನ ಹತ್ರ ಗಾಡಿ ಐತಿ. ಹುಡಿಗಿನ್ನ ದಿನಾ ಟೇಶನ್ನಿಗೆ ನಾ ಬಿಡ್ತೀನಿ.”

ಆ ಮೋಟಾರ್‌ಸೈಕಲ್ಲು ಮೂರು ವರ್ಷದಿಂದ ಅದೇ ಅಂಗಳದಲ್ಲಿಯೇ ನಿಂತಿತ್ತು. ಅದರ ಮುಂದಿನಿಂದಲೇ ಮನಿಷಾ ದಿನಾ ಕತ್ತಲಲ್ಲಿ ನಡೆದು ಹೋಗುತ್ತಿದ್ದಳು. ಪ್ರಮಿಳಾ ಇದನ್ನು ಆಡಿ ತೋರಿಸುತ್ತಾಳೆಂದು ನಾನು ಕಾದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಚಹಾಕ್ಕೆ ನೀರಿಡಲು ಒಳಗೆ ಹೋದಳು.

ಮನಿಷಾ ಒದ್ದೆ ಕೈಯಲ್ಲಿಯೇ ಹೊಸ್ತಿಲಿಗೆ ಬಂದು ನಿಂತಳು. ಬಾಗಿಲ ಚೌಕಟ್ಟು ಹಿಡಿದುಕೊಂಡು, “ರೇಲ್ವೆ ಲಗೂನ ಇರ್ತೈತಿ. ಕತ್ತಲಿದ್ದಾಗನ ಹೊಂಡಬೇಕಾಗ್ತೈತಿ ಕಾಕಾ” ಎಂದಳು.

ಬಾಳೇಶ ಹೂಂ ಎಂದು ತಲೆ ಆಡಿಸಿದ. ಕಂಬಳಿಯ ಚುಂಗು ಎಳೆದುಕೊಂಡು ಮುಖ ಒರೆಸಿಕೊಂಡ. ಹಣಮಪ್ಪ ಅವನ ಕಡೆ ನೋಡಲಿಲ್ಲ, ಸುಮ್ಮನೆ ತಮ್ಮನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದ.